ತಗಡಿನ ತುದಿಯ ಮೇಲೆ ನಿಂತ ಅಲಗು: ಮಡಚುವ ಚಾಕುವಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾನು ವೈರಿಂಗ್ ಕೆಲಸ ಮಾಡುವವನು ಸಾರ್. ಎರಡು ವರ್ಷದಿಂದ ಜೇಬಿನಲ್ಲಿ ಒಂದು ಲೈನರ್ ಲಾಕ್ ಚಾಕು ಇಟ್ಟುಕೊಂಡಿದ್ದೇನೆ. ಹೊಸತರಲ್ಲಿ ಲಾಕಿನ ತಗಡು ಅಲಗಿನ ಬುಡದ ಒಂದು ಅಂಚಿಗೆ ಮಾತ್ರ ತಾಗುತ್ತಿತ್ತು. ಈಗ ಹೆಚ್ಚುಕಡಿಮೆ ನಡುವಿಗೆ ಬಂದಿದೆ. ಜೊತೆಯಲ್ಲಿ ಕೆಲಸ ಮಾಡುವ ಅಣ್ಣ, 'ಇವತ್ತಲ್ಲ ನಾಳೆ ಇದು ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತೆ, ಬಿಸಾಕು' ಅಂತಾರೆ. ಈ ಲಾಕನ್ನು ನಂಬಬಹುದಾ?

ಉತ್ತರ: ಬಿಸಾಕಬೇಡಿ. ಹಾಗಂತ ಅಣ್ಣನ ಮಾತನ್ನೂ ತಳ್ಳಿಹಾಕಬೇಡಿ. ಅವರು ಹೇಳುವಂಥದ್ದು ನನ್ನ ಕೈಯಲ್ಲೇ ಒಮ್ಮೆ ಆಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಕಣ್ಣಿಗೆ ಬಿದ್ದ ವಿಷಯ. ತಗಡು ನಡುವಿಗೆ ಸರಿದದ್ದು ಕೆಟ್ಟ ಲಕ್ಷಣ ಅಲ್ಲ. ಆ ಲಾಕ್ ಕೆಲಸ ಮಾಡುವುದೇ ಹಾಗೆ. ಚಾಕುವನ್ನು ಬಿಡಿಸಿ, ಹಿಡಿಯ ಸಂದಿಯೊಳಗೆ ನೋಡಿ. ಒಳಗಿನ ಎರಡು ತಗಡುಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿ, ಆ ಪಟ್ಟಿಯನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿರುತ್ತಾರೆ. ಅದೇ ಸ್ಪ್ರಿಂಗ್, ಅದೇ ಲಾಕ್. ಅಲಗು ಪೂರ್ತಿ ತೆರೆದ ಕೂಡಲೇ ಪಟ್ಟಿ ಟಕ್ ಅಂತ ಅಲಗಿನ ಬುಡದ ಹಿಂದೆ ಹೋಗಿ ನಿಲ್ಲುತ್ತದೆ. ಇನ್ನೊಂದು ಕಡೆ ಒಂದು ಗಟ್ಟಿ ಪಿನ್ ಅಲಗನ್ನು ತಡೆದಿರುತ್ತದೆ. ಈ ಪಿನ್ ಮತ್ತು ತಗಡಿನ ನಡುವೆ ಅಲಗು ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ.

ಅಲಗಿನ ಬುಡವನ್ನು ಅಲ್ಲಿ ನೇರವಾಗಿ ಕತ್ತರಿಸಿರುವುದಿಲ್ಲ. ಸ್ವಲ್ಪ ಓರೆಯಾಗಿ, ಸಾಮಾನ್ಯವಾಗಿ 7ರಿಂದ 9 ಡಿಗ್ರಿಯಷ್ಟು, ಸಾಣೆ ಹಿಡಿದಿರುತ್ತಾರೆ. ಆ ಓರೆಯ ಮೇಲೆ ತಗಡು ಬೆಣೆಯ ಹಾಗೆ ಕೂರುತ್ತದೆ. ಬಳಸಿದಂತೆ ಎರಡೂ ಚೂರು ಚೂರೇ ಸವೆಯುತ್ತವೆ. ಸವೆದಷ್ಟು ತಗಡು ಮುಂದೆ ಸರಿದು ಜಾಗ ತುಂಬಿಕೊಳ್ಳುತ್ತದೆ. ನಿಮ್ಮ ಚಾಕು ಎರಡು ವರ್ಷದಲ್ಲಿ ಮಾಡಿರುವುದು ಇಷ್ಟೇ. ಚಿಂತೆ ಮಾಡಬೇಕಾದದ್ದು ತಗಡು ಎದುರು ಬದಿಯ ತಗಡಿಗೆ ಹೋಗಿ ಮುಟ್ಟಿದಾಗ. ಅಲ್ಲಿಂದಾಚೆ ಸರಿಯಲು ಜಾಗ ಇಲ್ಲ, ಅಲಗು ಮೇಲೆ ಕೆಳಗೆ ಆಡಲು ಶುರುವಾಗುತ್ತದೆ. ಆಗಲೂ ಕೆಲಸ ಬಲ್ಲವರು ಸ್ವಲ್ಪ ದಪ್ಪನೆಯ ಪಿನ್ ಹಾಕಿ ತಗಡನ್ನು ಮತ್ತೆ ಹಿಂದಕ್ಕೆ ತರಬಲ್ಲರು.

ನಾನು ಇಪ್ಪತ್ತೇಳು ವರ್ಷ ಟೂಲ್‌ರೂಮಿನಲ್ಲಿ ಲೇತ್ ಮುಂದೆ ನಿಂತವನು. ಈ ಬೆಣೆ ನನಗೆ ಹಳೇ ಪರಿಚಯ. ಲೇತಿನ ಹಿಂತುದಿಯ ಟೈಲ್‌ಸ್ಟಾಕಿನಲ್ಲಿ ಡ್ರಿಲ್ ಹಿಡಿಯುವ ಚಕ್ ಕೂರುವುದು ಮೋರ್ಸ್ ಟೇಪರಿನ ಮೇಲೆ, ಅಂದರೆ ತುದಿಗೆ ಹೋದಂತೆ ಸಣ್ಣದಾಗುವ ದಂಡದ ಮೇಲೆ. ಒಂದೊಂದು ಬದಿಗೆ ಸುಮಾರು ಒಂದೂವರೆ ಡಿಗ್ರಿ ಇಳಿಜಾರು. ಸ್ಕ್ರೂ ಹಾಕಿ ಬಿಗಿದಿರುವುದಿಲ್ಲ, ಬರೀ ಉಜ್ಜಿನ ಹಿಡಿತದ ಮೇಲೆ ಅದು ಡ್ರಿಲ್ಲಿನ ಜೋರನ್ನೆಲ್ಲ ತಡೆದುಕೊಳ್ಳುತ್ತದೆ. ಆದರೆ ಟೇಪರಿಗೆ ಎಣ್ಣೆ ಅಂಟಿದ್ದರೆ ಚಕ್ ಜಾರಿ ಗರಗರ ತಿರುಗುತ್ತದೆ. ಬಟ್ಟೆಯಿಂದ ಒರೆಸಿ ಹಾಕು ಅಂತ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುತ್ತಾರೆ. ಲೈನರ್ ಲಾಕಿನ ಓರೆ ಅದಕ್ಕಿಂತ ಎಷ್ಟೋ ಕಡಿದು. ಅಂದರೆ ಅಲ್ಲಿ ಜಾರುವ ಭಯ ಇನ್ನೂ ಜಾಸ್ತಿ. ಓರೆ ತೀರಾ ಕಡಿದಾದರೆ ತಗಡು ಜಾರುತ್ತದೆ. ತೀರಾ ಚಪ್ಪಟೆಯಾದರೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಒಳ್ಳೆಯ ಲೈನರ್ ಲಾಕಿಗೂ ಕಳಪೆಯದಕ್ಕೂ ವ್ಯತ್ಯಾಸ ಇರುವುದು ಇಲ್ಲಿ, ಒಂದೆರಡು ಡಿಗ್ರಿಯಲ್ಲಿ. ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ.

ಈಗ ನನ್ನ ಕೈಯಲ್ಲಿ ಆದದ್ದು. ಚರ್ಮದ ಬೆಲ್ಟಿಗೆ ಇನ್ನೊಂದು ತೂತು ಬೇಕಿತ್ತು. ಚಾಕುವಿನ ಮೊನೆ ಚುಚ್ಚಿ ತಿರುಗಿಸಿದೆ. ಮೊನೆ ಸಿಕ್ಕಿಕೊಂಡಿತು. ಬಿಡಿಸಲು ಹಿಡಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿದೆ. ಹಾಗೆ ಅಲ್ಲಾಡಿಸುವಾಗ ಜೋರು ಬೀಳುವುದು ಅಲಗಿನ ಬೆನ್ನಿನ ಮೇಲೆ. ಲಾಕ್ ಸದ್ದಿಲ್ಲದೆ ಜಾರಿತು. ತೋರುಬೆರಳಿನ ಒಳಮಡಿಕೆಗೆ ಮೂರು ಹೊಲಿಗೆ ಬಿತ್ತು. ಆ ಬೆರಳಿನ ತುದಿಯಲ್ಲಿ ಇವತ್ತಿಗೂ ಸ್ಪರ್ಶ ಪೂರ್ತಿ ಬಂದಿಲ್ಲ, ನೂಲು ಹಿಡಿದರೆ ಗೊತ್ತಾಗುತ್ತದೆ.

ಗಾಯ ಮಾಗಿದ ಮೇಲೆ ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ತಗಡಿನ ತುದಿ ಎಣ್ಣೆಯಿಂದ ಮಿನುಗುತ್ತಿತ್ತು. ಎಣ್ಣೆಗೆ ಜೇಬಿನ ನೂಲಿನ ಜುಂಗು ಅಂಟಿ ಬೂದು ಬಣ್ಣದ ತೆಳು ಪದರ ಆಗಿತ್ತು. ಅಲಗು ತಿರುಗುವ ಆಣಿಗೆ ಧಾರಾಳವಾಗಿ ಎಣ್ಣೆ ಬಿಟ್ಟವನು ನಾನೇ. ಅದು ಹರಿದು ಲಾಕಿನ ತನಕ ಬಂದಿತ್ತು. ಇನ್ನೊಂದು ದೋಷವೂ ಕಂಡಿತು. ತಗಡು ಅಲಗಿನ ಬುಡಕ್ಕೆ ಅಗಲವಾಗಿ ಕೂರುತ್ತಲೇ ಇರಲಿಲ್ಲ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ ಹೊಳೆಯುತ್ತಿತ್ತು. ಇದು ಮಾಡಿದವರ ತಪ್ಪು. ಎಣ್ಣೆ ನನ್ನ ತಪ್ಪು. ಎರಡೂ ಸೇರಿದವು.

ಅದಕ್ಕೇ ನಿಮ್ಮ ಚಾಕುವನ್ನು ಇವತ್ತೇ ಹೀಗೆ ನೋಡಿ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ತಗಡಿನ ತುದಿಯನ್ನೂ ಅಲಗಿನ ಓರೆಯನ್ನೂ ಒರೆಸಿ. ಓರೆಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು, ಒಣಗಿದ ಮೇಲೆ ಹತ್ತು ಸಲ ತೆರೆದು ಮುಚ್ಚಿ. ಫಿಟ್ಟರುಗಳು ನೀಲಿ ಬಳಿದು ಎಲ್ಲಿ ತಾಗುತ್ತಿದೆ ಅಂತ ನೋಡುತ್ತಾರಲ್ಲ, ಅದೇ ಉಪಾಯ. ಶಾಯಿ ಅಗಲವಾದ ಪಟ್ಟಿಯಂತೆ ಅಳಿಸಿದ್ದರೆ ಒಳ್ಳೆಯದು. ಒಂದು ಚುಕ್ಕಿ ಮಾತ್ರ ಅಳಿಸಿದ್ದರೆ ಅದನ್ನು ಗಟ್ಟಿ ಕೆಲಸಕ್ಕೆ ತೆಗೆಯಬೇಡಿ. ಆಮೇಲೆ ಶಾಯಿ ಒರೆಸಿಬಿಡಿ. ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡಿದು, ಅಲಗು ಮಡಚುವ ದಾರಿಯಲ್ಲಿ ಒಂದು ಬೆರಳೂ ಇರದಂತೆ ನೋಡಿಕೊಂಡು, ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಒತ್ತಿ. ಕುಟ್ಟಬೇಡಿ. ನಿಧಾನಕ್ಕೆ ಒತ್ತಡ ಏರಿಸುತ್ತಾ ಹೋಗಿ. ಕಣ್ಣು ತಗಡಿನ ಮೇಲಿರಲಿ. ಕೂದಲೆಳೆಯಷ್ಟು ಹಿಂದೆ ಸರಿದರೂ ಆ ಚಾಕು ಕೆಲಸದ ಚೀಲಕ್ಕೆ ಬೇಡ. ಅಲ್ಲಾಡದಿದ್ದರೆ ವೈರಿನ ಸಿಪ್ಪೆ ತೆಗೆಯಲು, ಟೇಪು ಕತ್ತರಿಸಲು ನಿಶ್ಚಿಂತೆಯಿಂದ ಬಳಸಿ. ಕತ್ತರಿಸುವಾಗ ಜೋರು ಅಲಗನ್ನು ತೆರೆಯುವ ಕಡೆಗೇ ಒತ್ತುತ್ತದೆ, ಲಾಕಿನ ಮೇಲೆ ಭಾರ ಬೀಳುವುದಿಲ್ಲ. ಚುಚ್ಚುವುದು, ತಿರುಚುವುದು, ಮೀಟುವುದು ಬೇರೆ ಮಾತು. ಗಟ್ಟಿಯಾಗಿ ತಿರುಚಿದರೆ ಹಿಡಿಯೇ ಸ್ವಲ್ಪ ಬಾಗಿ ತಗಡನ್ನು ಜಾಗದಿಂದ ಎಬ್ಬಿಸಬಲ್ಲದು. ಬಿಗಿಯಾಗಿ ಹಿಡಿದಾಗ ಬೆರಳಿನ ಮಾಂಸ ಸಂದಿಯೊಳಗೆ ನುಗ್ಗಿ ತಗಡನ್ನು ತಳ್ಳುವುದೂ ಉಂಟು. ಆ ಕೆಲಸಗಳಿಗೆ ಮಡಚದ ಚಾಕು ಅಥವಾ ಸ್ಕ್ರೂಡ್ರೈವರ್ ತೆಗೆಯಿರಿ.

ನಿಮ್ಮ ಕಸುಬಿಗೂ ಈ ಲಾಕಿಗೂ ಹಳೆಯ ನಂಟಿದೆ. ಇಂಥ ಸೀಳಿದ ತಗಡಿನ ಲಾಕಿಗೆ 1906ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು. ಅಲ್ಲಿನ ಸೇನೆಯ ತಂತಿ ಕೆಲಸದವರಿಗೆ ಕೊಡುತ್ತಿದ್ದ ಟಿಎಲ್-29 ಅನ್ನುವ ಚಾಕುವಿನಲ್ಲಿ ಲಾಕ್ ಇದ್ದದ್ದು ಅಲಗಿಗಲ್ಲ, ಸ್ಕ್ರೂಡ್ರೈವರಿಗೆ. ಒತ್ತುವಾಗ ಮಡಚಿಕೊಳ್ಳಬಾರದು ಅಂತ. ಈಗ ನಾವು ಬಳಸುವ ರೂಪ ಕೊಟ್ಟವರು ಚಾಕು ತಯಾರಕ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಹಳೆಯ ಚಾಕುಗಳಿಗೆ ಬೇಕಿದ್ದ ಬೆನ್ನಿನ ಸ್ಪ್ರಿಂಗನ್ನೇ ಅವರು ತೆಗೆದುಹಾಕಿದರು. ಮುಚ್ಚಿದ ಅಲಗು ತಾನಾಗಿ ತೆರೆಯದಂತೆ ತಗಡಿಗೆ ಒಂದು ಪುಟ್ಟ ಗುಂಡು ಕೂರಿಸಿದರು. ನನಗೆ ಅವರ ಮೇಲೆ ಗೌರವ ಇರುವುದು ಇನ್ನೊಂದು ಕಾರಣಕ್ಕೂ. ಮುಂದೆ ಇನ್ನೊಬ್ಬ ಚಾಕು ತಯಾರಕ ರಾನ್ ಲೇಕ್ ಜೊತೆ ಸೇರಿ, ತಗಡು ಹಿಂದೆ ಸರಿಯದಂತೆ ತಡೆಯುವ ಎರಡನೇ ಕೊಂಡಿಯನ್ನೂ ಮಾಡಿದರು. ತಾನು ಮಾಡಿದ ಲಾಕ್ ಎಲ್ಲಿ ಸೋಲಬಹುದು ಅಂತ ನೋಡಿ ಅದಕ್ಕೊಂದು ದಾರಿ ಹುಡುಕುವುದು ಎಲ್ಲರೂ ಮಾಡುವ ಕೆಲಸ ಅಲ್ಲ ಅಲ್ವಾ? ಸಾಧ್ಯವಾದರೆ ಮುಂದಿನ ಸಲ ಅಂಥ ಕೊಂಡಿ ಇರುವ ಚಾಕು ಕೊಳ್ಳಿ.

ಪ್ರಶ್ನೆ: ಅಲಗಿನ ಬೆನ್ನನ್ನು ಮರದ ದಿಮ್ಮಿಗೆ ಜೋರಾಗಿ ಬಡಿದು ನೋಡಬೇಕು, ಆಗಲೇ ಲಾಕಿನ ಗುಣ ಗೊತ್ತಾಗೋದು ಅಂತ ಗೆಳೆಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ದಯವಿಟ್ಟು ಬೇಡ. ಬಡಿದ ಪೆಟ್ಟಿಗೆ ತಗಡು ಒಂದು ಕ್ಷಣ ಅದುರಿ ಪಕ್ಕಕ್ಕೆ ಹಾರಬಹುದು. ನಿಧಾನದ ಒತ್ತಡವನ್ನು ಚೆನ್ನಾಗಿ ತಡೆಯುವ ಲಾಕ್ ಕೂಡ ಆಗ ಬಿಟ್ಟುಕೊಡುತ್ತದೆ. ಬಿಟ್ಟುಕೊಡದಿದ್ದರೂ ಪ್ರತಿ ಪೆಟ್ಟಿಗೆ ತಗಡಿನ ತುದಿ ಚೂರು ಜಜ್ಜುತ್ತದೆ. ತಗಡಿನ ದಪ್ಪ ಎಷ್ಟು ಅಂದುಕೊಂಡಿದ್ದೀರಿ? ಹೆಚ್ಚಿನ ಚಾಕುಗಳಲ್ಲಿ ಒಂದರಿಂದ ಒಂದೂವರೆ ಮಿಲಿಮೀಟರ್. ಹತ್ತು ಸಲ ಬಡಿದು ಪಾಸಾದ ಚಾಕು ಹನ್ನೊಂದನೇ ಸಲ ಅದೇ ಚಾಕು ಆಗಿರುವುದಿಲ್ಲ. ಮೇಲೆ ಹೇಳಿದ ಹಾಗೆ ಒತ್ತಿ ನೋಡಿ, ಸಾಕು.

ಪ್ರಶ್ನೆ: ನನ್ನ ಚಾಕುವಿನ ತಗಡು ಟೈಟೇನಿಯಮ್ಮಿನದು. ತೆರೆದ ಮೇಲೆ ಲಾಕ್ ಅಂಟಿಕೊಂಡು, ಬಿಡಿಸಲು ಹೆಬ್ಬೆರಳು ನೋಯುತ್ತದೆ. ಎಣ್ಣೆ ಹಾಕಲೇ?

ಉತ್ತರ: ಲಾಕಿಗೆ ಎಣ್ಣೆ ಬೇಡ. ಯಾಕೆ ಅಂತ ಮೇಲೆ ಬರೆದಿದ್ದೇನೆ. ಟೈಟೇನಿಯಮ್ ಉಕ್ಕಿಗೆ ಉಜ್ಜಿದಾಗ ಮೆತ್ತಿಕೊಳ್ಳುವ ಸ್ವಭಾವದ್ದು. ಹೊಸ ಚಾಕುವಾದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಒಂದೆರಡು ವಾರ ಸುಮ್ನೆ ತೆರೆದು ಮುಚ್ಚುತ್ತಿರಿ. ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಕೈ ಜಾಡಿಸಿ ರಭಸವಾಗಿ ತೆರೆಯುವ ಅಭ್ಯಾಸ ಇದ್ದರೆ ಬಿಡಿ, ಅದೇ ತಗಡನ್ನು ಓರೆಯ ಮೇಲೆ ಆಳಕ್ಕೆ ತಳ್ಳುತ್ತದೆ. ಅರ ಹಿಡಿದು ಉಜ್ಜಲು ಮಾತ್ರ ಹೋಗಬೇಡಿ. ಓರೆಯ ಕೋನ ಕೆಟ್ಟರೆ ಅಂಟುವ ಲಾಕ್ ಜಾರುವ ಲಾಕ್ ಆಗುತ್ತದೆ.

ಪ್ರಶ್ನೆ: ನಾನು ಎಡಗೈಯವಳು. ಲೈನರ್ ಲಾಕ್ ಬಿಡಿಸುವಾಗ ಪ್ರತಿ ಸಲ ಭಯ ಆಗುತ್ತದೆ. ತಪ್ಪು ನನ್ನದಾ?

ಉತ್ತರ: ಖಂಡಿತ ಅಲ್ಲಮ್ಮ. ಬಹುಪಾಲು ಲೈನರ್ ಲಾಕುಗಳನ್ನು ಬಲಗೈಯ ಹೆಬ್ಬೆರಳಿಗೆ ಹೊಂದುವ ಹಾಗೆ ಮಾಡಿರುತ್ತಾರೆ. ಎಡಗೈಯಲ್ಲಿ ಹಿಡಿದಾಗ ತಗಡನ್ನು ತೋರುಬೆರಳಿನಿಂದ ಎಳೆಯಬೇಕಾಗುತ್ತದೆ. ಆ ಬೆರಳೇ ಅಲಗಿನ ದಾರಿಯಲ್ಲಿ ಇರುತ್ತದೆ. ಎರಡೂ ಕೈಗೆ ಒಂದೇ ಥರ ಒಗ್ಗುವ ಲಾಕುಗಳಿವೆ. ಬೆನ್ನಿನ ಮೇಲೆ ಒತ್ತಿ ಬಿಡಿಸುವ ಲಾಕ್‌ಬ್ಯಾಕ್ ಒಂದು, 1964ರಲ್ಲಿ ಬಂದ ಬಕ್ 110 ಅನ್ನುವ ಚಾಕು ಅದನ್ನು ಮನೆಮಾತಾಗಿಸಿತು. ಉಂಗುರ ತಿರುಗಿಸಿ ಬಿಗಿಯುವ ಒಪಿನೆಲ್ ಅನ್ನುವ ಚಾಕುವಿನದು ಇನ್ನೊಂದು, ಅದರ ಉಂಗುರ 1955ರದ್ದು. ನಿಮಗೆ ನಾನು ಹೇಳುವುದು ಒಪಿನೆಲ್. ಉಂಗುರ ಬಿಡಿಸುವಾಗ ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ಅಲ್ಲಿಯ ತನಕ ಈಗಿನ ಚಾಕುವನ್ನು ಎರಡು ಕೈಯಲ್ಲಿ ಮುಚ್ಚಿ. ಹಿಡಿಯನ್ನು ಬಲಗೈಯಲ್ಲಿ ಹಿಡಿದು, ಅದೇ ಕೈಯ ಹೆಬ್ಬೆರಳಿನಿಂದ ತಗಡು ತಳ್ಳಿ. ಎಡಗೈಯಲ್ಲಿ ಅಲಗಿನ ಬೆನ್ನು ಹಿಡಿದು ಸ್ವಲ್ಪ ಮಡಚಿ, ಹೆಬ್ಬೆರಳನ್ನು ಹೊರಗೆ ತೆಗೆದುಕೊಂಡು, ಆಮೇಲೆ ಪೂರ್ತಿ ಮುಚ್ಚಿ.