ಪೇಷೆಂಟ್ ನೋಡೋದು ಬೇಡ, ಬರೀ ರಿಸರ್ಚ್ ಸಾಕು ಅನ್ನೋರಿಗೆ

"ನಂಗೆ ಪೇಷೆಂಟ್ ನೋಡೋದು ಇಷ್ಟ ಇಲ್ಲ, ಕ್ಲಿನಿಕಲ್ ಸೈಕಾಲಜಿಲಿ ಬರೀ ರಿಸರ್ಚ್ ಮಾಡ್ಬೇಕು, ಎಂಎಸ್ಸಿ ಮುಗಿದ್ಮೇಲೆ ನೇರ ಪಿಎಚ್‌ಡಿಗೆ ಹೋಗ್ಲಾ ಅಥವಾ ಎರಡು ವರ್ಷ ಲೈಸೆನ್ಸ್ ಕೋರ್ಸಲ್ಲಿ ವೇಸ್ಟ್ ಮಾಡ್ಲಾ" ಅಂತ ಕೇಳಿದೀರಲ್ಲ, ಆ "ವೇಸ್ಟ್" ಅನ್ನೋ ಪದ ನೋಡಿ ನಗು ಬಂತು. 2017ರಲ್ಲಿ ಎಂಫಿಲ್ (ಆಗ ಲೈಸೆನ್ಸಿಗೆ ಅಂತ ಇದ್ದ ಎರಡು ವರ್ಷದ ಕೋರ್ಸು) ಸೇರಿದಾಗ ನಾನೂ ನಮ್ಮಪ್ಪಂಗೆ ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದೆ. ನೇರ ಪಿಎಚ್‌ಡಿ ಸೀಟು ಸಿಗ್ಲಿಲ್ಲ ಅಂತ ಸೇರಿದ್ದು, ಇಷ್ಟ ಪಟ್ಟಲ್ಲ.

ನಮ್ಮೂರು ತುಮಕೂರು ಕಡೆ, ಓದೋಕೆ ಹೋಗಿದ್ದು ಉತ್ತರ ಕರ್ನಾಟಕದ ಒಂದು ಸಂಸ್ಥೆಗೆ, ಹೆಸರು ಬೇಡ ಬಿಡಿ, ತಪ್ಪು ನಂದೇ. ಬೆಳಿಗ್ಗೆ ಓಪಿಡಿ, ಕೇಸ್ ಹಿಸ್ಟರಿ, ಮಧ್ಯಾಹ್ನ ಟೆಸ್ಟಿಂಗ್, ಸಂಜೆ ಫೈಲ್ ಬರೆಯೋದು, ಇದನ್ನೆಲ್ಲ ನಾನು ಬಾಡಿಗೆ ಕಟ್ಟೋ ಥರ ಮಾಡ್ತಿದ್ದೆ. ನನ್ನ ಜೀವ ಎಲ್ಲಾ ಡಿಸರ್ಟೇಶನ್, ಅಂದ್ರೆ ಕೋರ್ಸಿನ ರಿಸರ್ಚ್ ಪ್ರಬಂಧದ ಮೇಲೆ. ಸ್ಕಿಜೋಫ್ರೀನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಇರೋರನ್ನ ಮನೇಲಿ ನೋಡ್ಕೊಳ್ಳೋರ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಅಳೆಯೋ ಸ್ಟಡಿ. ಇಂಗ್ಲಿಷಲ್ಲಿ ಒಳ್ಳೆ ಸ್ಕೇಲ್, ಅಂದ್ರೆ ಅಂಕ ಹಾಕಿ ಅಳೆಯೋ ಪ್ರಶ್ನೆಪಟ್ಟಿ ಇತ್ತು, ಇಪ್ಪತ್ತು ಚಿಲ್ಲರೆ ಪ್ರಶ್ನೆ, ಪ್ರತಿ ಪ್ರಶ್ನೆಗೂ ಐದು ಉತ್ತರ, "ಯಾವತ್ತೂ ಇಲ್ಲ"ಗೆ ಸೊನ್ನೆ, "ಯಾವಾಗ್ಲೂ"ಗೆ ನಾಲ್ಕು. ಬಳಸೋಕೆ ಅನುಮತಿನೂ ಈಮೇಲಲ್ಲಿ ಬಂತು. ಕನ್ನಡದ್ದು ಸಿಗ್ಲಿಲ್ಲ. ನಾನೇ ಮಾಡಿದ್ರಾಯ್ತು ಅನ್ಕೊಂಡೆ, ಎಸ್ಸೆಸ್ಸೆಲ್ಸಿಲಿ ಕನ್ನಡಕ್ಕೆ 125ಕ್ಕೆ 122 ತಗೊಂಡವಳು ನಾನು, ಈ ಅಹಂಕಾರ ಒಂದನ್ನ ಬಿಟ್ಟು ಬೇರೆ ಯಾವ ಅರ್ಹತೆನೂ ಇರ್ಲಿಲ್ಲ. ಒಂದು ಭಾನುವಾರ ಹಾಸ್ಟೆಲ್ ರೂಮಲ್ಲಿ ಕೂತು ಇಡೀ ಸ್ಕೇಲ್ ಕನ್ನಡಕ್ಕೆ ತಂದೆ, ಸೋಮವಾರ ಟೈಪ್ ಮಾಡಿಸ್ದೆ. ಗೈಡ್ "ಟ್ರಾನ್ಸ್‌ಲೇಶನ್ ಆಯ್ತಾ" ಅಂದ್ರು, "ಆಗಿದೆ ಸರ್" ಅಂದೆ. ಅದು ಸುಳ್ಳಲ್ಲ, ಆದ್ರೆ ಅವ್ರು ಕೇಳಿದ್ದೇ ಬೇರೆ.

ಮೊದಲನೇ ವಾರದಲ್ಲೇ ಗೊತ್ತಾಗ್ಬೇಕಿತ್ತು. "ಹೊರೆ" ಅಂತ ಪದ ಹಾಕಿದ್ದೆ, ನಿಘಂಟಲ್ಲಿ ಸರಿಯಾಗೇ ಇದೆ. ಒಬ್ಬ ತಾಯಿಗೆ "ಇವರನ್ನ ನೋಡ್ಕೊಳ್ಳೋದು ನಿಮಗೆ ಹೊರೆ ಅನ್ಸುತ್ತಾ" ಅಂತ ಓದಿ ಹೇಳಿದ್ರೆ ಆಕೆ ನನ್ನ ಮುಖಾನೇ ನೋಡಿ, "ಹಡದ ಮಗಾ ಹೊರಿ ಆಗ್ತಾನೇನ್ರೀ ಮೇಡಮ್ಮಾರ?" ಅಂದ್ಬಿಟ್ರು. ನಾನು ಸೊನ್ನೆಗೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಇನ್ನೊಂದು ಕಡೆ "ಅಪರಾಧಿ ಪ್ರಜ್ಞೆ" ಅಂತ ಬರೆದಿದ್ದೆ, ಒಬ್ಬ ಯಜಮಾನರು ನಮ್ಮ ಮನೆತನದಾಗ ಯಾರ ಮ್ಯಾಲೂ ಪೊಲೀಸ್ ಕೇಸ್ ಇಲ್ಲ ಅಂತ ಖಾರವಾಗಿ ಹೇಳಿದ್ರು. ಇದನ್ನೆಲ್ಲ ಮೆಸ್ಸಲ್ಲಿ ಜೋಕ್ ಥರ ಹೇಳ್ತಿದ್ದೆ ನೋಡಿ, ಅದೇ ನನಗೆ ಈಗ್ಲೂ ನಾಚಿಕೆ.

ಆದ್ರೆ ನನ್ನನ್ನ ಮುಳುಗಿಸಿದ್ದು ಆ ದೊಡ್ಡ ಪದಗಳಲ್ಲ, "ಇಲ್ಲ" ಅನ್ನೋ ಸಣ್ಣ ಪದ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಯಾವ ರಿಸರ್ಚ್ ಮೆಥಡ್ಸ್ ಕ್ಲಾಸಲ್ಲೂ ನನಗೆ ಯಾರೂ ಹೇಳ್ಲಿಲ್ಲ. ನಾಲ್ಕು ಪ್ರಶ್ನೆನ ನಾನು ಕನ್ನಡದಲ್ಲಿ ನಕಾರದಲ್ಲಿ ಬರೆದಿದ್ದೆ. ಉದಾಹರಣೆಗೆ, "ನಿಮಗೆ ಅಂತ ಸಮಯ ಸಿಗ್ತಿಲ್ಲ ಅನ್ಸುತ್ತಾ?" ಇದಕ್ಕೆ ಒಬ್ಬರು "ಯಾವತ್ತೂ ಇಲ್ಲ" ಅಂದ್ರೆ ಏನರ್ಥ? ಫಾರಂ ಲೆಕ್ಕದಲ್ಲಿ, ಹಂಗೆ ಯಾವತ್ತೂ ಅನ್ಸಲ್ಲ, ಆರಾಮಿದೀನಿ, ಸೊನ್ನೆ. ಆದ್ರೆ ನಮ್ಮ ಜನ ಮಾತಾಡೋ ಲೆಕ್ಕದಲ್ಲಿ, ಟೈಮು ಯಾವತ್ತೂ ಸಿಗಲ್ಲ, ಅಂದ್ರೆ ನಾಲ್ಕು. "ನಿದ್ದೆ ಬರಲ್ವಾ" ಅಂತ ನಿಮ್ಮಮ್ಮನ್ನ ಕೇಳಿ ನೋಡಿ, "ಹೂಂ" ಅಂದ್ರೂ ಬರಲ್ಲ ಅಂತ, "ಇಲ್ಲ" ಅಂದ್ರೂ ಬರಲ್ಲ ಅಂತ, ಮುಖ ನೋಡ್ಕೊಂಡು ಮಾತಾಡೋವಾಗ ನಮಗೆ ಯಾವತ್ತೂ ಗೊಂದಲ ಆಗಲ್ಲ. ಫಾರಂಗೆ ಮುಖ ಇಲ್ಲವಲ್ಲ. ಅತಿ ಕಷ್ಟದಲ್ಲಿರೋರು ನನ್ನ ಹಾಳೆ ಮೇಲೆ ಅತಿ ಸುಖಿಗಳಾಗಿ ಕೂತಿದ್ರು.

ನಾಲ್ಕು ತಿಂಗಳಲ್ಲಿ 52 ಜನರ ಡೇಟಾ. ಎಸ್‌ಪಿಎಸ್‌ಎಸ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರಿಗೆ ಹಾಕಿ ಕ್ರಾನ್‌ಬ್ಯಾಕ್ ಆಲ್ಫಾ ನೋಡಿದ್ರೆ 0.41. ಅದು ಸ್ಕೇಲಿನ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ಎಳೀತಿದಾವಾ ಅಂತ ಹೇಳೋ ಸಂಖ್ಯೆ, ಸಾಮಾನ್ಯವಾಗಿ 0.7 ಆದ್ರೂ ಇರ್ಬೇಕು ಅಂತಾರೆ. ಎಂಟ್ರಿ ತಪ್ಪಿರ್ಬೇಕು ಅಂತ ಎರಡು ರಾತ್ರಿ ಫಾರಂಗಳನ್ನ ಒಂದೊಂದಾಗಿ ತೆಗೆದು ಚೆಕ್ ಮಾಡ್ದೆ. ಆಗ ಒಂದು ಫಾರಂ ಮೂಲೇಲಿ ನನ್ನದೇ ಪೆನ್ಸಿಲ್ ಬರಹ ಸಿಕ್ತು, "11 ವರ್ಷದಿಂದ ಒಂದು ಮದುವೆಗೂ ಹೋಗಿಲ್ಲ". ಅದೇ ತಾಯಿ. ಅರ್ಧ ಗಂಟೆ ಕೂತು ತಮ್ಮ ಕಥೆ ಹೇಳಿದ್ರು, ಮಗ ರಾತ್ರಿ ಎದ್ದು ಹೋಗ್ತಾನೆ ಅಂತ ಬಾಗಿಲಿಗೆ ಅಡ್ಡ ಮಲಗ್ತೀನಿ ಅಂದಿದ್ರು. ನನ್ನ 52 ಜನರಲ್ಲಿ ಅತಿ ಕಮ್ಮಿ ಸ್ಕೋರು ಆಕೆದು.

ಆ ನಾಲ್ಕು ಪ್ರಶ್ನೆ ಉತ್ತರ ಉಲ್ಟಾ ಮಾಡಿದ್ರೆ ಆಗಲ್ವಾ ಅಂತೀರಾ? ಆಗಲ್ಲ, ಯಾಕಂದ್ರೆ ಸ್ವಲ್ಪ ಓದಿರೋರು ಫಾರಂ ಲೆಕ್ಕದಲ್ಲೇ ಉತ್ತರ ಕೊಟ್ಟಿದ್ರು, ಉಳಿದವ್ರು ಮಾತಿನ ಲೆಕ್ಕದಲ್ಲಿ, ಯಾರು ಯಾವುದು ಅಂತ ಈಗ ಹೇಳೋದು ಹೇಗೆ? ನಾನು ಬರೆದಿಟ್ಟಿದ್ದು ಅಂಕಿ ಮಾತ್ರ, ಅವ್ರ ಮಾತಲ್ಲ. ಆ ಪ್ರಶ್ನೆಗಳನ್ನೇ ತೆಗೆದು ಹಾಕಿದ್ರೆ ಅದು ಆ ಸ್ಕೇಲೇ ಅಲ್ಲ. ವಾಪಸ್ ಫೋನ್ ಮಾಡಿ ಕೇಳೋಣ ಅಂದ್ರೆ ಕನ್ಸೆಂಟ್ ಫಾರಂನಲ್ಲಿ ಮತ್ತೆ ಸಂಪರ್ಕಿಸಲ್ಲ ಅಂತ ನಾನೇ ಬರೆದಿದ್ದೆ. 52 ಫಾರಂ ಪಕ್ಕಕ್ಕಿಟ್ಟು ಹೊಸದಾಗಿ ಶುರು. ಪ್ರಶ್ನೆಪಟ್ಟಿ ಬದಲಾದ್ರೆ ಎಥಿಕ್ಸ್ ಕಮಿಟಿಗೆ ಮತ್ತೆ ಹೋಗ್ಬೇಕು, ಅಲ್ಲಿ ಒಂದೂವರೆ ತಿಂಗಳು. ಡಿಸರ್ಟೇಶನ್ ಸಬ್ಮಿಟ್ ಆಗ್ದೆ ಎರಡನೇ ವರ್ಷದ ಪರೀಕ್ಷೆಗೆ ಕೂರಿಸ್ಲಿಲ್ಲ, ನನ್ನ ಬ್ಯಾಚು ಹೋಯ್ತು, ಬೆಂಗಳೂರಲ್ಲಿ ಒಂದು ಪ್ರಾಜೆಕ್ಟ್ ಪೋಸ್ಟ್ ಹೂಂ ಅಂದಿದ್ರು, ಪಾಸಾದ ಸರ್ಟಿಫಿಕೇಟ್ ಇಲ್ಲ ಅಂತ ಅದೂ ಹೋಯ್ತು. ಅಪ್ಪನ ಮುಂದೆ ಏನ್ ಹೇಳ್ಲಿ, "ಇಲ್ಲ ಅನ್ನೋ ಪದದಿಂದ ಫೇಲ್ ಆದೆ" ಅಂತನಾ?

ಎರಡನೇ ಸಲ ಮಾಡಿದ್ದು, ಮೊದಲೇ ಮಾಡ್ಬೇಕಿದ್ದ ಕೆಲಸ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತಂದ್ರು, ಎರಡನ್ನೂ ಇಟ್ಕೊಂಡು ಕೂತು ಒಂದು ಮಾಡಿದ್ವಿ, ಇಂಗ್ಲಿಷ್ ಮೂಲ ನೋಡೇ ಇಲ್ಲದ ಮೂರನೆಯವ್ರು ಅದನ್ನ ವಾಪಸ್ ಇಂಗ್ಲಿಷಿಗೆ ತಂದ್ರು, ಎಲ್ಲಿ ಅರ್ಥ ಜಾರಿದೆ ಅಂತ ಅಲ್ಲಿ ಗೊತ್ತಾಗುತ್ತೆ. ಆಮೇಲೆ ವಾರ್ಡಿನ ಹತ್ತು ಜನರ ಹತ್ರ ಒಂದೊಂದು ಪ್ರಶ್ನೆ ಓದಿ "ನಿಮಗೆ ಏನ್ ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳೋದು. ಈ ಕೊನೆಯದ್ದೇ ಮುಖ್ಯ, ನನ್ನ ಕೇಳಿದ್ರೆ. ಅಲ್ಲಿನ ಒಬ್ಬರು ನರ್ಸಮ್ಮ ಕೇಳಿಸ್ಕೊಂಡು, ಹೊರೆ ಗಿರೆ ಬಿಡ್ರಿ, "ನಿಮಗ ಭಾಳ ಜಡ ಆಗೇತೇನು" ಅಂತ ಕೇಳ್ರಿ ಅಂದ್ರು (ಜಡ ಅಂದ್ರೆ ಆ ಕಡೆ ಭಾರ), ಪಕ್ಕದಲ್ಲಿ ಕೂತಿದ್ದ ಹೆಂಗಸರು ಒಟ್ಟಿಗೆ ತಲೆ ಅಲ್ಲಾಡಿಸಿದ್ರು. ಇದೇನು ಹೊಸ ವಿದ್ಯೆ ಅಲ್ಲ, 1934ರಲ್ಲೇ ವಿ.ವಿ. ಕಾಮತ್ ಬಿನೆ ಬುದ್ಧಿ ಪರೀಕ್ಷೆನ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಅಂತ ಒಗ್ಗಿಸಿದ್ರು, ಆ ಬಿನೆ-ಕಾಮತ್ ಟೆಸ್ಟ್ ನಾನು ಓಪಿಡಿಲಿ ವಾರಕ್ಕೆ ನಾಲ್ಕು ಸಲ ಮಾಡ್ತಿದ್ದೆ, ಆದ್ರೂ ಬುದ್ಧಿ ಬರ್ಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಪಿಎಚ್‌ಡಿನಾ ಲೈಸೆನ್ಸ್ ಕೋರ್ಸಾ ಅಂತ ತೂಗೋದೇ ತಪ್ಪು, ಯಾಕಂದ್ರೆ "ಪೇಷೆಂಟ್ ಇಲ್ಲದ ಕ್ಲಿನಿಕಲ್ ರಿಸರ್ಚ್" ಅಂತ ಒಂದು ಇದೆ ಅಂತ ನೀವು ನಂಬ್ಕೊಂಡಿದೀರ. ನನ್ನ ತಪ್ಪು ಸ್ಟ್ಯಾಟಿಸ್ಟಿಕ್ಸಲ್ಲಿ ಆಗ್ಲಿಲ್ಲ, ಆ ತಾಯಿ ಮುಂದೆ ಕೂತಾಗ ಕಿವಿ ಮುಚ್ಕೊಂಡಿದ್ದಕ್ಕೆ ಆಗಿದ್ದು. ಬರೀ ಮೆಮೊರಿ, ಅಟೆನ್ಷನ್ ಅಂತ ಕಾಲೇಜು ಹುಡುಗ್ರ ಮೇಲೆ ಲ್ಯಾಬ್ ಕೆಲಸ ಮಾಡ್ತೀನಿ ಅಂದ್ರೆ ಧಾರಾಳವಾಗಿ ನೆಟ್ ಪರೀಕ್ಷೆ ಬರೀರಿ, ಅದರಲ್ಲಿ ಜೆಆರ್‌ಎಫ್ ಅನ್ನೋ ರಿಸರ್ಚ್ ಫೆಲೋಶಿಪ್ ಆದ್ರೆ ತಿಂಗಳಿಗೆ 37,000 ಬರುತ್ತೆ, ಅದು ಒಳ್ಳೆ ದಾರಿ, ಆದ್ರೆ ಅದನ್ನ ಕ್ಲಿನಿಕಲ್ ಅನ್ಬೇಡಿ. ಸೈಕಾಲಜಿ ಪಿಎಚ್‌ಡಿ ಒಂದರಿಂದಲೇ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು, ನೀವು ಲೈಸೆನ್ಸ್ ಅಂದಿದ್ದು ಇದರದ್ದೇ) ನೋಂದಣಿನೂ ಸಿಗಲ್ಲ, ಆ ನೋಂದಣಿ ಇಲ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಪ್ರಾಕ್ಟೀಸ್ ಮಾಡೋ ಹಂಗಿಲ್ಲ, 1992ರ ಕಾಯ್ದೆ ಅದು. ನಾನು ಮಾಡಿದ ಎಂಫಿಲ್ ಬಗ್ಗೆ ಕೇಳ್ಬೇಡಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಎಂಫಿಲ್ಲೇ ನಿಲ್ಲಿಸ್ತು, ಆಮೇಲೆ ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ತನಕ ಅಂತ ವಿನಾಯ್ತಿ ಕೊಡ್ತು. ಈಗ ಎಂಎ ಕ್ಲಿನಿಕಲ್ ಸೈಕಾಲಜಿ, ಸೈಡಿ (Psy.D., ಸೈಕಾಲಜಿ ಡಾಕ್ಟರೇಟ್) ಅಂತ ಬೇರೆ ಹೆಸರಿನ ಕೋರ್ಸ್‌ಗಳು ಬಂದಿವೆ. ಹೆಸರು ಏನಾದ್ರೂ ಇರ್ಲಿ, ಕಾಲೇಜಿನ ಬ್ರೋಷರ್ ನಂಬ್ದೆ ಆರ್‌ಸಿಐ ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸು, ಆ ವರ್ಷ ಮೂರೂ ಇದೆಯಾ ನೋಡಿ ಫೀಸ್ ಕಟ್ಟಿ.

ಇನ್ನೊಂದು, ಎಂಎಸ್ಸಿ ಪ್ರಾಜೆಕ್ಟಿಗೆ ಡಿಪ್ರೆಶನ್ ಸ್ಕೇಲ್ ನೀವೇ ಕನ್ನಡ ಮಾಡಿ ಗೂಗಲ್ ಫಾರ್ಮ್ ರೆಡಿ ಇಟ್ಟಿದೀನಿ, ನಾಳೆ ವಾಟ್ಸಾಪಲ್ಲಿ ಬಿಡ್ತೀನಿ ಅಂತ ಬರೆದಿದೀರಲ್ಲ. ಬಿಡ್ಬೇಡಿ. ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಯ ಡಿಪ್ರೆಶನ್ ಸ್ಕೇಲ್ ಆಗಿದ್ರೆ ಕನ್ನಡದ್ದು ಆಗ್ಲೇ ಇದೆ, ದುಡ್ಡೂ ಕೊಡ್ಬೇಕಿಲ್ಲ. ಬೇರೆ ಆಗಿದ್ರೆ ಪ್ರಿಂಟ್ ತಗೊಂಡು ಮೊದ್ಲು ನಿಮ್ಮ ಬೀದಿ ಕೊನೇಲಿ ಹೂ ಮಾರೋರ ಹತ್ರ ಕೂತು ಒಂದು ಸಲ ಓದಿ ಹೇಳಿ, "ಇಲ್ಲ" ಇರೋ ಪ್ರಶ್ನೆಗೆಲ್ಲ ಅವ್ರು ಏನಂತಾರೆ ಅಂತ ಪದಪದವೂ ಬರ್ಕೊಳ್ಳಿ, ಅಂಕಿ ಆಮೇಲೆ.