ಅವರ ಸ್ಟೇಟಸ್ಸು, ನಮ್ಮ ಸಂಕಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳು ಬೇರೆಬೇರೆ ಊರಿನವು, ಬರೆದವರ ವಯಸ್ಸೂ ಬೇರೆಬೇರೆ. ಕೇಳಿರುವುದು ಮಾತ್ರ ಹೆಚ್ಚುಕಡಿಮೆ ಒಂದೇ: ಫೋನು ಕೆಳಗಿಟ್ಟ ಮೇಲೆ ನಾನು ಸಣ್ಣವನಾದಂತೆ, ಸಣ್ಣವಳಾದಂತೆ ಯಾಕೆ ಅನಿಸುತ್ತದೆ? "ಯಾರ ಜೊತೆಗೂ ಹೋಲಿಸಿಕೊಳ್ಳಬೇಡಿ" ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಹೋಲಿಕೆ ಹೇಳಿದ ತಕ್ಷಣ ನಿಲ್ಲುವಂಥದ್ದಲ್ಲ. ಯಾರ ಜೊತೆ, ಯಾವ ವಿಷಯದಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಬದಲಿಸಿಕೊಳ್ಳಲು ಬರುತ್ತದೆ. ಕೆಳಗಿನ ಉತ್ತರಗಳು ಅದರ ಬಗ್ಗೆ.

ಪ್ರಶ್ನೆ: ನನಗೆ 26 ವರ್ಷ. ಎಂಜಿನಿಯರಿಂಗ್ ಮುಗಿಸಿ ಧಾರವಾಡದ ಪಿಜಿಯಲ್ಲಿದ್ದುಕೊಂಡು ಎರಡು ವರ್ಷದಿಂದ ಕೆಎಎಸ್‌ಗೆ ಓದುತ್ತಿದ್ದೇನೆ. ಕ್ಲಾಸ್‌ಮೇಟ್‌ಗಳೆಲ್ಲ ಬೆಂಗಳೂರು ಸೇರಿದ್ದಾರೆ. ಕಾರು, ಗೋವಾ ಟ್ರಿಪ್ಪು, ಎಂಗೇಜ್‌ಮೆಂಟು ಎಂದು ದಿನವೂ ಏನಾದರೊಂದು. ರಾತ್ರಿ ಇನ್‌ಸ್ಟಾಗ್ರಾಂ ನೋಡಿ ಮಲಗಿದರೆ ಬೆಳಿಗ್ಗೆ ಪುಸ್ತಕ ಮುಟ್ಟುವ ಮನಸ್ಸಾಗುವುದಿಲ್ಲ. ಆದರೆ ಸಿನಿಮಾ ನಟರ ಬಂಗಲೆ ನೋಡಿದರೆ ನನಗೆ ಏನೂ ಅನಿಸದು. ನಾನು ಹೊಟ್ಟೆಕಿಚ್ಚಿನವನೇ?
— ಹೆಸರು ಬೇಡ, ಧಾರವಾಡ

ಉತ್ತರ: ಅಲ್ಲ. ನಟರ ಬಂಗಲೆ ನೋಡಿ ಏನೂ ಅನಿಸುವುದಿಲ್ಲ ಎಂದಿರಲ್ಲ, ಉತ್ತರ ಅಲ್ಲೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲಿ ಸಾಮಾಜಿಕ ಹೋಲಿಕೆಯ ಸಿದ್ಧಾಂತ ಮಂಡಿಸಿದಾಗ ಹೇಳಿದ್ದು ಇದನ್ನೇ: ಗಟ್ಟಿಯಾದ ಅಳತೆಗೋಲು ಸಿಗದ ಕಡೆ ಮನುಷ್ಯ ತನ್ನಂಥವರ ಪಕ್ಕ ನಿಂತು ತನ್ನನ್ನು ಅಳೆದುಕೊಳ್ಳುತ್ತಾನೆ. ನಟ ನಿಮ್ಮಂಥವನಲ್ಲ. ಒಂದೇ ಬೆಂಚಿನಲ್ಲಿ ಕೂತು ನಿಮ್ಮಷ್ಟೇ ಅಂಕ ತೆಗೆದ ಗೆಳೆಯ ನಿಮ್ಮಂಥವನು. ಅವನು ಹತ್ತಿರದವನಾಗಿದ್ದು, ಗೆದ್ದ ವಿಷಯವೂ ನಿಮಗೆ ಮುಖ್ಯವಾಗಿದ್ದರೆ ನೋವು ಹೆಚ್ಚು. ಅದೇ ಗೆಳೆಯ ಚೆಸ್‌ನಲ್ಲಿ ಬಹುಮಾನ ಗೆದ್ದಿದ್ದರೆ ನೀವೇ ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳುತ್ತಿದ್ದಿರಿ.

ಇನ್ನೊಂದು ಲೆಕ್ಕ ನೋಡಿ. ನಿಮ್ಮ ಕ್ಲಾಸಿನಲ್ಲಿ 60 ಜನ ಇದ್ದರು ಎನ್ನೋಣ. ಒಬ್ಬೊಬ್ಬರು ವರ್ಷಕ್ಕೆ ಮೂರೇ ಮೂರು ಒಳ್ಳೆಯ ದಿನಗಳ ಫೋಟೊ ಹಾಕಿದರೂ 180 ಆಯಿತು. ದಿನ ಬಿಟ್ಟು ದಿನ ಯಾರದೋ ಸಂಭ್ರಮ ನಿಮ್ಮ ಕೈಗೆ ಬರುತ್ತದೆ. ನೋಡುವ ಮನಸ್ಸು ಅದನ್ನು 60 ಜನರಿಗೆ ಹಂಚುವುದಿಲ್ಲ. "ಎಲ್ಲರೂ ಹೀಗೇ ಬದುಕುತ್ತಿದ್ದಾರೆ" ಎಂದು ಒಂದೇ ಬದುಕಾಗಿ ಕೂಡಿಸಿ, ನಿಮ್ಮ ಒಂದು ಮಂಗಳವಾರದ ಎದುರು ತಂದಿಡುತ್ತದೆ. ಕೆಲಸ ಕಳೆದುಕೊಂಡವನು, ಸಂಬಂಧ ಮುರಿದವಳು ಆ ದಿನ ಏನೂ ಹಾಕಿರುವುದಿಲ್ಲ. ಅದರಿಂದ ಅವರು ಈ ಲೆಕ್ಕದೊಳಗೇ ಇಲ್ಲ.

ಈಗ ಮಾಡಬೇಕಾದ ಕೆಲಸ. ಏಳು ದಿನ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಫೋನಿನಲ್ಲಿ ಬೇಡ, ಕಾಗದದಲ್ಲೇ ಇರಲಿ. ಮನಸ್ಸು ಕುಸಿದಾಗಲೆಲ್ಲ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ, ಯಾರ ಪೋಸ್ಟು, ಯಾವ ವಿಷಯ (ಕೆಲಸ, ದುಡ್ಡು, ಮದುವೆ, ಮೈಕಟ್ಟು, ಪ್ರವಾಸ), ಆಗ ಮನಸ್ಸು ಆಡಿದ ಒಂದು ಮಾತು. ವಾರದ ಕೊನೆಗೆ ನೋಡಿದರೆ ಸಾಮಾನ್ಯವಾಗಿ ಬೆರಳೆಣಿಕೆಯ ಹೆಸರುಗಳೇ ಮತ್ತೆಮತ್ತೆ ಬಂದಿರುತ್ತವೆ, ಹೊತ್ತೂ ಹೆಚ್ಚಾಗಿ ಒಂದೇ ಇರುತ್ತದೆ. ಇಡೀ ಇನ್‌ಸ್ಟಾಗ್ರಾಂ ವಿರುದ್ಧ ಹೋರಾಡಬೇಕಿಲ್ಲ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಆ ನಾಲ್ಕೈದು ಖಾತೆಗಳನ್ನು ಪ್ರಿಲಿಮ್ಸ್ ಮುಗಿಯುವವರೆಗೆ ಮ್ಯೂಟ್ ಮಾಡಿ. ಅನ್‌ಫಾಲೋ ಮಾಡಿದರೆ ಗೆಳೆಯನಿಗೆ ಒಂದಲ್ಲ ಒಂದು ದಿನ ಗೊತ್ತಾಗಿ ಮನಸ್ತಾಪವಾಗುತ್ತದೆ. ಮ್ಯೂಟ್ ಮಾಡಿದ ಸುದ್ದಿ ಅವನಿಗೆ ಹೋಗುವುದಿಲ್ಲ. ಅವನ ಪ್ರೊಫೈಲ್‌ಗೆ ಹೋಗಿ, ಫಾಲೋಯಿಂಗ್ ಎಂಬುದನ್ನು ಒತ್ತಿ, ಮ್ಯೂಟ್ ಆರಿಸಿ. ಪೋಸ್ಟ್ ಮತ್ತು ಸ್ಟೋರಿ ಬೇರೆಬೇರೆ ಗುಂಡಿಗಳು, ಎರಡನ್ನೂ ಒತ್ತಬೇಕು. ಪೋಸ್ಟ್ ಮಾತ್ರ ಮುಚ್ಚಿ ಸ್ಟೋರಿ ಬಿಟ್ಟವರು "ಮ್ಯೂಟ್ ಮಾಡಿದರೂ ಕಾಣುತ್ತಿದೆ" ಎಂದುಕೊಳ್ಳುವುದುಂಟು. ವಾಟ್ಸ್‌ಆ್ಯಪ್ ಸ್ಟೇಟಸ್ಸನ್ನೂ ಹಾಗೆಯೇ ಒಬ್ಬೊಬ್ಬರದಾಗಿ ಮ್ಯೂಟ್ ಮಾಡಲು ಬರುತ್ತದೆ.

ಇಲ್ಲಿ ಕೆಡುವುದು ಹೀಗೆ: ಮೂರನೆಯ ದಿನ ನೀವೇ ಅವರ ಹೆಸರು ಹುಡುಕಿ ನೋಡಲು ಹೋಗುತ್ತೀರಿ. ಅದನ್ನು ಸೋಲು ಎಂದು ಎಣಿಸಬೇಡಿ. ಯಾವ ಹೊತ್ತಿನಲ್ಲಿ ಹುಡುಕಿದಿರಿ ಎಂದಷ್ಟೇ ಬರೆದಿಡಿ. ಬಹುಮಟ್ಟಿಗೆ ಅದು ಹಾಸಿಗೆಯ ಮೇಲೆ ಆಗಿರುತ್ತದೆ. ದಣಿದ ಮನಸ್ಸಿಗೆ ಕಂಡದ್ದನ್ನು ತೂಗಿ ನೋಡುವ ತ್ರಾಣ ಇರುವುದಿಲ್ಲ. ಆದ್ದರಿಂದ ಚಾರ್ಜರನ್ನು ಹಾಸಿಗೆಯಿಂದ ಕೈಗೆಟುಕದ ಮೂಲೆಗೆ ಹಾಕಿ. ಅಲಾರಾಂ ಬೇಕಲ್ಲ ಎಂಬ ನೆಪ ಬೇಡ, ಒಂದು ಅಲಾರಾಂ ಗಡಿಯಾರ ಕೊಳ್ಳಿ.

ಹಳೆಯ ಅಳತೆಗೋಲು ತೆಗೆದ ಜಾಗದಲ್ಲಿ ಹೊಸದೊಂದನ್ನು ಇಡದಿದ್ದರೆ ಹಳೆಯದೇ ಮರಳಿ ಬರುತ್ತದೆ. ಮೂರು ತಿಂಗಳ ಹಿಂದಿನ ನಿಮ್ಮ ಮಾಕ್ ಟೆಸ್ಟ್ ಅಂಕ ಮತ್ತು ಈಗಿನದು, ವಾರಕ್ಕೆ ಬರೆದು ಮುಗಿಸಿದ ಉತ್ತರಗಳ ಸಂಖ್ಯೆ, ಇವನ್ನು ಗೋಡೆಗೆ ಅಂಟಿಸಿ. ಮೇಲಿರುವವರನ್ನು ನೋಡಲೇಬಾರದೆಂದಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಓದುವವರಿಗೆ ಅದೇ ವಿಭಾಗದ ಒಬ್ಬ ಪ್ರತಿಭಾವಂತ ಅಂತಿಮ ವರ್ಷದ ವಿದ್ಯಾರ್ಥಿಯ ಸಾಧನೆ ಓದಲು ಕೊಟ್ಟರು. ಇದು 1997ರಲ್ಲಿ ಪ್ರಕಟವಾದ ಅಧ್ಯಯನ. ಮೊದಲ ವರ್ಷದವರಿಗೆ ಹುರುಪು ಬಂತು, ಏಕೆಂದರೆ ಅಲ್ಲಿಗೆ ಮುಟ್ಟಲು ಅವರಿಗೆ ಇನ್ನೂ ಕಾಲವಿತ್ತು. ಅಂತಿಮ ವರ್ಷದವರಿಗೆ ಆ ಹುರುಪು ಬರಲಿಲ್ಲ. ನಿಮ್ಮದೇ ದಾರಿಯಲ್ಲಿ ಒಂದೆರಡು ವರ್ಷ ಮುಂದಿರುವ, ಟೈಮ್‌ಟೇಬಲ್ಲನ್ನೂ ತಪ್ಪು ಉತ್ತರಗಳನ್ನೂ ತೋರಿಸುವ ಒಬ್ಬಿಬ್ಬರನ್ನು ಇಟ್ಟುಕೊಳ್ಳಿ, ಸಾಕು. ಮ್ಯೂಟ್ ಮಾಡಿದ ಗೆಳೆಯರಲ್ಲಿ ಒಬ್ಬನಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ. ಕಾರಿನ ಫೋಟೊ ಹೇಳದ ಇಎಂಐ ಸಂಗತಿಯನ್ನು ಅವನ ಬಾಯಿ ಹೇಳುತ್ತದೆ. ಗೆಳೆತನವೂ ಉಳಿಯುತ್ತದೆ.

ಪ್ರಶ್ನೆ: ಮಗಳಿಗೆ 16, ಮೊದಲ ಪಿಯುಸಿ. ಫಿಲ್ಟರ್ ಇಲ್ಲದೆ ಫೋಟೊ ತೆಗೆಯಲು ಬಿಡುವುದಿಲ್ಲ. ಮೂಗು ದಪ್ಪ, ಬಣ್ಣ ಕಪ್ಪು ಎಂದು ಕನ್ನಡಿಯ ಮುಂದೆ ಅಳುತ್ತಾಳೆ. ಒಂದು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದಾಳೆ. ಫೋನ್ ಕಿತ್ತುಕೊಳ್ಳೋಣವೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಊಟದ ವಿಷಯ ಮೊದಲು. ತಿಂಗಳಿಂದ ಒಂದು ಹೊತ್ತು ಬಿಟ್ಟಿದ್ದಾಳೆ ಎಂದರೆ ಈ ವಾರವೇ ವೈದ್ಯರಿಗೆ ತೋರಿಸಿ. ತೂಕ ಇಳಿದಿದೆಯೇ, ಮುಟ್ಟು ತಪ್ಪಿದೆಯೇ, ತಿಂದ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಾಳೆಯೇ ಎಂಬುದನ್ನು ಗಮನಿಸಿ ಅವರಿಗೆ ಹೇಳಿ. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ವಾರ ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫೋನಿನ ಬಳಕೆಯೇ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 'ಶಟ್' ಕ್ಲಿನಿಕ್ ಇದೆ.

ಫೋನ್ ಕಿತ್ತುಕೊಂಡರೆ ಗೆಳತಿಯ ಫೋನಿನಲ್ಲಿ ನೋಡುತ್ತಾಳೆ, ನಿಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ. ಈಗ ನಿಮ್ಮೆದುರೇ ಅಳುತ್ತಿದ್ದಾಳಲ್ಲ, ಆ ಬಾಗಿಲು ಮುಚ್ಚಬಾರದು.

ಎಲ್ಲ ಮಕ್ಕಳಿಗೂ ಹೀಗಾಗುತ್ತದೆಯೇ ಎಂದರೆ, ಇಲ್ಲ. ನೆದರ್ಲೆಂಡ್ಸ್‌ನಲ್ಲಿ 387 ಹದಿಹರೆಯದವರನ್ನು ಮೂರು ವಾರ ದಿನಕ್ಕೆ ಹಲವು ಸಲ ಪ್ರಶ್ನಿಸಿ, 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 88ರಷ್ಟು ಮಕ್ಕಳ ಆತ್ಮಗೌರವದ ಮೇಲೆ ಸೋಷಿಯಲ್ ಮೀಡಿಯಾ ಬಳಕೆಯ ಪರಿಣಾಮ ಇರಲಿಲ್ಲ ಅಥವಾ ತೀರಾ ಕಡಿಮೆ ಇತ್ತು. ಶೇ 4ರಷ್ಟು ಮಂದಿಗೆ ಒಳ್ಳೆಯದೇ ಆಯಿತು, ಶೇ 8ರಷ್ಟು ಮಂದಿಗೆ ಪೆಟ್ಟು ಬಿತ್ತು. ಅದೇ ವರ್ಷ ಹೊರಬಿದ್ದ ಫೇಸ್‌ಬುಕ್ ಕಂಪನಿಯ ಒಳದಾಖಲೆಯಲ್ಲಿ, ದೇಹದ ಬಗ್ಗೆ ಮೊದಲೇ ಕೊರಗಿದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಂ ಅದನ್ನು ಹೆಚ್ಚಿಸುತ್ತದೆ ಎಂದಿತ್ತು. ಪಕ್ಕದ ಮನೆಯ ಹುಡುಗಿ ಅದೇ ರೀಲ್ಸ್ ನೋಡಿ ನಗುತ್ತಾ ಇರಬಹುದು, ನಿಮ್ಮ ಮಗಳಿಗೆ ಅದು ನಾಟುತ್ತಿರಬಹುದು. "ಅವಳು ನೋಡೋದಿಲ್ವಾ, ನಿನಗೇನು ರೋಗ" ಎಂದು ಮಾತ್ರ ಅನ್ನಬೇಡಿ. ಅದೂ ಹೋಲಿಕೆಯೇ.

ಮೂಗಿನ ಮಾತಿಗೆ ಒಂದು ಪ್ರಯೋಗವಿದೆ. ಅವಳು ಕೈಯಲ್ಲಿ ಹಿಡಿದು, ಮುಖಕ್ಕೆ ಒಂದು ಅಡಿ ದೂರದಲ್ಲಿ ಒಂದು ಸೆಲ್ಫಿ ತೆಗೆಯಲಿ. ಆಮೇಲೆ ನೀವು ಐದು ಅಡಿ ದೂರ ನಿಂತು, ಅದೇ ಬೆಳಕಿನಲ್ಲಿ, ಅವಳ ಕಣ್ಣಿನ ಎತ್ತರಕ್ಕೆ ಫೋನ್ ಹಿಡಿದು ಇನ್ನೊಂದು ತೆಗೆಯಿರಿ. ಎರಡನೆಯದನ್ನು ಮುಖ ಅಷ್ಟೇ ದೊಡ್ಡದಾಗಿ ಕಾಣುವಂತೆ ಕ್ರಾಪ್ ಮಾಡಿ ಪಕ್ಕಪಕ್ಕ ಇಡಿ. ಐದು ಅಡಿಯಿಂದ ತೆಗೆದದ್ದಕ್ಕಿಂತ ಒಂದು ಅಡಿಯಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮೂಗು ಕ್ಯಾಮೆರಾಕ್ಕೆ ಕಿವಿಗಿಂತ ಹತ್ತಿರ, ಕಾರಣ ಅಷ್ಟೇ. ಸೆಲ್ಫಿ ಕೆಡಿಸಿದ್ದನ್ನು ಫಿಲ್ಟರ್ ಇನ್ನೊಂದು ಕಡೆಗೆ ಕೆಡಿಸುತ್ತದೆ. ಈ ಎರಡು ಸುಳ್ಳುಗಳ ನಡುವೆ ಮಗು ತನ್ನ ಮುಖವನ್ನು ಹುಡುಕುತ್ತಿದೆ.

"ನೀನು ಚೆನ್ನಾಗಿಯೇ ಇದ್ದೀಯಮ್ಮ" ಎಂದು ವಾದಿಸಿದರೆ ಮಾತು ಮತ್ತೆ ಅಂದದ ಸುತ್ತಲೇ ತಿರುಗುತ್ತದೆ. "ಯಾರ ಫೋಟೊ ನೋಡಿದ ಮೇಲೆ ಹೀಗನಿಸಿತು?" ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಆಮೇಲೆ ಒಪ್ಪಿದರೆ ಇಬ್ಬರೂ ಕೂತು ಹದಿನೈದು ನಿಮಿಷ ಅವಳ ರೀಲ್ಸ್ ತಿರುಗಿಸಿ. ಡಯಟ್, ಬಣ್ಣ, ಸೊಂಟದ ಅಳತೆಯ ವಿಡಿಯೊ ಬಂದಾಗಲೆಲ್ಲ ಮೂರು ಚುಕ್ಕಿ ಒತ್ತಿ 'ಆಸಕ್ತಿ ಇಲ್ಲ' ಎಂದು ಕೊಡಿ. ಒಂದು ದಿನದಲ್ಲಿ ಬದಲಾಗದು, ದಿನವೂ ಮಾಡಬೇಕು. ಎಷ್ಟು ಹೊತ್ತು ನೋಡಿದೆವು ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಬೈಯುತ್ತಾ ನೋಡಿದರೂ ನೋಡಿದಂತೆಯೇ. ಬೇಡವೆನಿಸಿದ ಕೂಡಲೇ ಬೆರಳು ಮುಂದಕ್ಕೆ ಸರಿಯಬೇಕು.

ಬಣ್ಣದ ಮಾತನ್ನು ಮಾತ್ರ ಫೋನಿನ ತಲೆಗೆ ಕಟ್ಟಲಾಗದು. ಮದುವೆಮನೆಗಳಲ್ಲಿ "ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಸ್ವಲ್ಪ ಕಡಿಮೆ" ಎನ್ನುವ ಹಿರಿಯರಿಗೆ, ಅವಳಿಲ್ಲದಾಗ, ಇನ್ನು ಆ ಮಾತು ಬೇಡವೆಂದು ನೀವೇ ಹೇಳಬೇಕು.

ಪ್ರಶ್ನೆ: ಅಕೌಂಟ್‌ಗಳನ್ನೆಲ್ಲ ಡಿಲೀಟ್ ಮಾಡಿದರೆ ಕೀಳರಿಮೆ ಹೋಗುತ್ತದೆಯೇ?
— ಓದುಗ, ಶಿವಮೊಗ್ಗ

ಉತ್ತರ: ಮನಸ್ಸು ಹಗುರಾಗಬಹುದು, ಕೀಳರಿಮೆ ಹೋಗುತ್ತದೆಂಬ ಭರವಸೆ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಮೇಲಿನ 2018ರ ಪ್ರಯೋಗದಲ್ಲಿ ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದನ್ನೂ ದಿನಕ್ಕೆ 10 ನಿಮಿಷಕ್ಕೆ ಇಳಿಸಿತು. ಮೂರು ವಾರದಲ್ಲಿ ಒಂಟಿತನ, ಖಿನ್ನತೆ ಕಡಿಮೆಯಾದವು. ಆತ್ಮಗೌರವದಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಒಬ್ಬರು ತಮ್ಮ ಬೆಲೆಯನ್ನು ರೂಪಕ್ಕೆ ಕಟ್ಟಿರುತ್ತಾರೆ, ಇನ್ನೊಬ್ಬರು ಅಂಕಕ್ಕೆ, ಮತ್ತೊಬ್ಬರು ನಾಲ್ಕು ಜನರ ಮೆಚ್ಚುಗೆಗೆ. ಆ ಗೂಟ ಬದಲಾಗದೆ ಆ್ಯಪ್ ಮಾತ್ರ ಹೋದರೆ ಅದೇ ಹೋಲಿಕೆ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತದೆ.

ಆತ್ಮಗೌರವವನ್ನು ಅಳೆದು ನೋಡಬೇಕೆಂದರೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ರೂಪಿಸಿದ ಹತ್ತು ವಾಕ್ಯಗಳ ಮಾಪಕ ಇದೆ. ಎಷ್ಟು ಒಪ್ಪುತ್ತೀರಿ ಎಂಬುದಕ್ಕೆ ಪ್ರತಿ ವಾಕ್ಯಕ್ಕೂ 0ಯಿಂದ 3, ಒಟ್ಟು 30. ಐದು ವಾಕ್ಯಗಳು ತನ್ನನ್ನು ಹಳಿದುಕೊಳ್ಳುವಂಥವು. ಅವಕ್ಕೆ ಅಂಕ ತಿರುಗಿಸಿ ಹಾಕಬೇಕು (3 ಇದ್ದಲ್ಲಿ 0, 2 ಇದ್ದಲ್ಲಿ 1). ಜನ ಎಡವುವುದು ಅಲ್ಲೇ, ಹಾಗಾಗಿ ಒಟ್ಟು ಮೊತ್ತವೇ ತಪ್ಪಾಗುತ್ತದೆ. ತಿಂಗಳಿಗೊಮ್ಮೆ ತುಂಬಿ ನಿಮ್ಮದೇ ಹಿಂದಿನ ಅಂಕದ ಜೊತೆ ಇಟ್ಟು ನೋಡಿ. ಅದು ರೋಗಪತ್ತೆಯ ಸಾಧನವಲ್ಲ.

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಹಾಕುತ್ತೇನೆ. ರೀಲ್ಸ್ ಹಾಕಿದರೆ 300 ವ್ಯೂಸ್. ಇದೇ ಊರಿನ ಇನ್ನೊಬ್ಬರಿಗೆ 20 ಸಾವಿರ. ಹತ್ತು ವರ್ಷದ ಕೈಕೆಲಸಕ್ಕೆ ಬೆಲೆಯೇ ಇಲ್ಲವೇನೋ ಅನಿಸುತ್ತಿದೆ.
— ಒಬ್ಬ ಮಹಿಳೆ, ಹುಬ್ಬಳ್ಳಿ

ಉತ್ತರ: ವ್ಯೂಸ್ ಹೇಳುವುದು ಎಷ್ಟು ಜನರ ಕಣ್ಣು ಆ ವಿಡಿಯೊ ಮೇಲೆ ನಿಂತಿತು ಎಂಬುದನ್ನು. ತೋಳು ಸರಿಯಾಗಿ ಕೂತಿದೆಯೇ, ಕುಚ್ಚು ಎರಡು ಸಲ ಉಟ್ಟರೂ ಬಿಚ್ಚದೆ ನಿಂತಿದೆಯೇ ಎಂಬುದು ಆ ಸಂಖ್ಯೆಗೆ ತಿಳಿಯದು. ಎರಡು ಲೆಕ್ಕದ ಪುಸ್ತಕ ಇಡಿ. ಒಂದರಲ್ಲಿ ಕೈಕೆಲಸ: ಈ ತಿಂಗಳು ಬಂದ ಆರ್ಡರು, ಅದರಲ್ಲಿ ಎರಡನೆಯ ಸಲ ಬಂದವರೆಷ್ಟು, ಆಲ್ಟರೇಶನ್‌ಗೆ ವಾಪಸು ಬಂದದ್ದೆಷ್ಟು. ಇನ್ನೊಂದರಲ್ಲಿ ರೀಲ್ಸ್: ನೋಡಿದವರಲ್ಲಿ ಮೆಸೇಜ್ ಮಾಡಿ ದರ ಕೇಳಿದವರೆಷ್ಟು. ಎರಡನೆಯದನ್ನು ಭಾನುವಾರ ಒಂದೇ ಸಲ ತೆರೆಯಿರಿ. ರೀಲ್ಸ್ ಹಾಕಿದ ಮೇಲೆ ಎರಡು ಗಂಟೆ ಫೋನ್ ಮುಟ್ಟಬೇಡಿ. ಹತ್ತು ನಿಮಿಷಕ್ಕೊಮ್ಮೆ ಸಂಖ್ಯೆ ನೋಡುವ ಚಟ ಆಗಲೇ ಹತ್ತುವುದು. ಲೈಕ್ ಸಂಖ್ಯೆ ಮುಚ್ಚಿಡುವ ಸೌಲಭ್ಯವನ್ನು ಇನ್‌ಸ್ಟಾಗ್ರಾಂ 2021ರಲ್ಲೇ ಕೊಟ್ಟಿದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ.

ಆ ಇನ್ನೊಬ್ಬರನ್ನು ಮ್ಯೂಟ್ ಮಾಡಿ ಎಂದು ನಿಮಗೆ ಹೇಳುವುದಿಲ್ಲ. ಅವರಿಂದ ಕಲಿಯುವುದಿದೆ. ಅವರ ಮೂರು ವಿಡಿಯೊ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ಮೊದಲ ಎರಡು ಸೆಕೆಂಡಿನಲ್ಲಿ ಏನು ತೋರಿಸಿದ್ದಾರೆ? ಹೆಚ್ಚಾಗಿ ಅದು ಮುಗಿದ ಕೆಲಸ, ಕಿಟಕಿಯ ಬೆಳಕಿನಲ್ಲಿ, ಹತ್ತಿರದಿಂದ ತೆಗೆದದ್ದು. ನೀವು ಬಟ್ಟೆ ಕತ್ತರಿಸುವುದರಿಂದ ಶುರು ಮಾಡುತ್ತಿದ್ದರೆ ತಿರುವುಮುರುವು ಮಾಡಿ ನೋಡಿ. "ಅವಳೇನು ಮಾಡಿದ್ದಾಳೆ" ಎಂಬ ಪ್ರಶ್ನೆಗೆ ಕೈ ಓಡುತ್ತದೆ, "ನನಗೇಕೆ ಇಲ್ಲ" ಎಂಬುದಕ್ಕೆ ಓಡುವುದಿಲ್ಲ.

ಪ್ರಶ್ನೆ: ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 380 ಬಂತು. ಫ್ಯಾಮಿಲಿ ಗ್ರೂಪಿನಲ್ಲಿ ಅಣ್ಣನ ಮಗಳ 601ರ ಫೋಟೊ, ನೂರು ಅಭಿನಂದನೆ. ಅವನು ಕೋಣೆಯಿಂದ ಹೊರಗೇ ಬರುತ್ತಿಲ್ಲ.
— ಒಬ್ಬ ತಂದೆ, ತುಮಕೂರು

ಉತ್ತರ: ಮಗನ ಫೋನಿನಲ್ಲಿ ಆ ಗ್ರೂಪಿದ್ದರೆ ಅವನನ್ನು ಕೇಳಿ ಒಂದು ವಾರ ಮ್ಯೂಟ್ ಮಾಡಿಸಿ, ಆರ್ಕೈವ್‌ಗೆ ಹಾಕಿಸಿ. ಮ್ಯೂಟ್ ಒಂದೇ ಮಾಡಿದರೆ ಸದ್ದು ನಿಲ್ಲುತ್ತದೆ, ಗ್ರೂಪು ಪಟ್ಟಿಯ ಮೇಲೇ ಕಾಣುತ್ತಿರುತ್ತದೆ. ಅಣ್ಣನ ಮಗಳಿಗೆ ನೀವೇ ಫೋನ್ ಮಾಡಿ ಶಹಭಾಸ್ ಹೇಳಿ, ಅವಳ ತಪ್ಪೇನೂ ಇಲ್ಲ. ನಿಮ್ಮವನದೆಷ್ಟು ಎಂದು ಕೇಳಿದವರಿಗೆ ಮುಂಚೆಯೇ ಒಂದು ವಾಕ್ಯ ಇಟ್ಟುಕೊಳ್ಳಿ: "ಪಾಸಾಗಿದ್ದಾನೆ, ಮುಂದಿನದು ಯೋಚಿಸುತ್ತಿದ್ದೇವೆ." ಅಷ್ಟು ಹೇಳಿ ಮಾತು ಬದಲಿಸಿ. ಅವನಿಗೆ ಕೇಳಿಸುವಂತೆ ಆ ಫೋನ್ ಮಾತು ನಡೆಯಬಾರದು.

ಕೋಣೆಯಿಂದ ಬರದಿದ್ದರೆ ಊಟದ ತಟ್ಟೆ ಹಿಡಿದು ನೀವೇ ಒಳಗೆ ಹೋಗಿ ಕೂತುಕೊಳ್ಳಿ. ಮೊದಲ ದಿನ ಅಂಕದ ಮಾತೇ ಬೇಡ. ಎರಡು ದಿನ ಬಿಟ್ಟು ಅವನ ಪ್ರಿಪರೇಟರಿ ಅಂಕಪಟ್ಟಿ ಮತ್ತು ಇದನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ವಿಷಯ ನೋಡಿ: ಯಾವುದರಲ್ಲಿ ಏರಿದ್ದಾನೆ, ಯಾವುದರಲ್ಲಿ ನಿಂತಿದ್ದಾನೆ. ಅಂಕ ಹೆಚ್ಚಿಸಿಕೊಳ್ಳಬೇಕೆಂದು ಅವನೇ ಬಯಸಿದರೆ ಈಗ ಪರೀಕ್ಷೆ-2 ಇದೆ. ಅರ್ಜಿಯ ಕೊನೆಯ ದಿನಾಂಕವನ್ನು ಅವನ ಶಾಲೆಯಲ್ಲಿ ನಾಳೆಯೇ ಕೇಳಿಕೊಂಡು ಬನ್ನಿ.