ಸೆಲ್ಫ್ ಡ್ರೈವ್ ಕಾರಿಗೆ 4,800 ಅಂತ ತೋರಿಸಿ ಕೊನೆಗೆ 8,000 ಕೇಳುತ್ತಾರಲ್ಲ, ಯಾಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಶುಕ್ರವಾರ ರಾತ್ರಿ 9ರಿಂದ ಭಾನುವಾರ ರಾತ್ರಿ 9ರವರೆಗೆ, ಬೆಂಗಳೂರಿನಿಂದ ವಯನಾಡಿಗೆ ಹೋಗಿಬರಲು ಒಂದು ಹ್ಯಾಚ್‌ಬ್ಯಾಕ್ ಬೇಕು. ಆ್ಯಪ್ ಮೊದಲು 4,800 ರೂ. ಎಂದಿತು, ಹಣ ಕಟ್ಟುವ ಪುಟದಲ್ಲಿ 8,000 ಆಯಿತು. 300 ಕಿ.ಮೀ. ಮಿತಿ, ಅದರ ಮೇಲೆ ಕಿ.ಮೀ.ಗೆ 10 ರೂ. ಇದರಲ್ಲಿ ಯಾವುದು ಖರ್ಚು, ಯಾವುದು ವಾಪಸ್ ಬರುತ್ತದೆ, ಇನ್ನೇನಾದರೂ ಕೇಳುತ್ತಾರಾ?

ಕೇಳುತ್ತಾರೆ. ನೀವು ಇನ್ನೂ ಕಟ್ಟಬೇಕಾಗಿ ಬರುವ ಹಣದ ಮುಂದೆ ಈ 8,000 ಅಷ್ಟು ಗಾಬರಿಯಾಗುವಂಥದ್ದಲ್ಲ.

ಮೊದಲು ನೀವೇ ಕೊಟ್ಟಿರುವ ಬಿಲ್ ಬಿಡಿಸೋಣ. ಬಾಡಿಗೆ 4,800, ಪ್ರೊಟೆಕ್ಷನ್ ಪ್ಲಾನ್ 600, ಕನ್ವೀನಿಯನ್ಸ್ ಫೀ 250, ಮನೆ ಬಾಗಿಲಿಗೆ ಡೆಲಿವರಿ 350, ಡಿಪಾಸಿಟ್ 2,000. ಡಿಪಾಸಿಟ್ ಖರ್ಚಲ್ಲ, ಅದನ್ನು ಪಕ್ಕಕ್ಕಿಡಿ. ಡೆಲಿವರಿ ಬೇಡವೆಂದರೆ 350 ಉಳಿಯುತ್ತದೆ. ಆದರೆ ಕಾರು ನಿಂತಿರುವ ಜಾಗಕ್ಕೆ ಹೋಗಿಬರುವ ಆಟೋ ಬಾಡಿಗೆಯೇ ಅಷ್ಟಾಗುವುದಾದರೆ ಇಟ್ಟುಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಕಾರು ಪಡೆಯುವವರು ಮಾತ್ರ ಡೆಲಿವರಿ ಜೊತೆಗೆ ಪಾರ್ಕಿಂಗ್ ಮತ್ತು ಸಾದಹಳ್ಳಿ ಟೋಲ್ ಯಾರ ಲೆಕ್ಕಕ್ಕೆ ಎಂದು ಮೊದಲೇ ಕೇಳಿಬಿಡಬೇಕು. ಕನ್ವೀನಿಯನ್ಸ್ ಫೀ ತಪ್ಪುವುದಿಲ್ಲ. ಯಾರ ಅನುಕೂಲಕ್ಕೆ ಅಂತ ಕೇಳಬೇಡಿ.

ಪ್ರೊಟೆಕ್ಷನ್ ಪ್ಲಾನ್ ತಾನಾಗಿಯೇ ಟಿಕ್ ಆಗಿತ್ತೇ ನೋಡಿ. ಗ್ರಾಹಕ ಒಪ್ಪದ ವಸ್ತುವನ್ನು ಬಿಲ್ಲಿಗೆ ಸೇರಿಸುವುದನ್ನೂ, ಬೆಲೆಯನ್ನು ಮೊದಲು ಕಡಿಮೆ ತೋರಿಸಿ ಕೊನೆಯಲ್ಲಿ ಏರಿಸುವುದನ್ನೂ 2023ರ ಡಾರ್ಕ್ ಪ್ಯಾಟರ್ನ್ಸ್ (ಗ್ರಾಹಕರನ್ನು ದಾರಿತಪ್ಪಿಸುವ ಆ್ಯಪ್ ವಿನ್ಯಾಸ) ಮಾರ್ಗಸೂಚಿ ನಿಷೇಧಿಸಿದೆ. ಹಾಗಿದ್ದೂ ನಡೆಯುತ್ತಿರುತ್ತದೆ, ಪಾವತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇದರರ್ಥ ಪ್ಲಾನ್ ಬೇಡ ಎಂದಲ್ಲ. ಅದರ ಮಾತು ಮುಂದೆ ಬರುತ್ತದೆ.

ನಿಮ್ಮ ಲೆಕ್ಕ ನಿಜವಾಗಿ ತಪ್ಪಿರುವುದು ಕಿಲೋಮೀಟರಿನಲ್ಲಿ. ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ ಮೇಲೆ ಸುಲ್ತಾನ್ ಬತ್ತೇರಿಗೆ ಸುಮಾರು 260 ಕಿ.ಮೀ. ಕಲ್ಪೆಟ್ಟದವರೆಗೆ ಹೋಗಿ, ಅಲ್ಲಿ ಒಂದೆರಡು ಜಾಗ ಸುತ್ತಿ ವಾಪಸ್ ಬಂದರೆ 700 ಎಂದಿಟ್ಟುಕೊಳ್ಳಿ. 300ರ ಮಿತಿಯ ಮೇಲೆ 400 ಕಿ.ಮೀ. ಆಯಿತು, ಅದಕ್ಕೆ 4,000 ರೂ. ಅಂದರೆ ಬಾಡಿಗೆಯೇ 8,800. ಅದೇ ಆ್ಯಪ್‌ನಲ್ಲಿ ಮಿತಿ ಇಲ್ಲದ ಪ್ಲಾನ್ 6,600ಕ್ಕೆ ಇದೆ ಎಂದು ನೀವೇ ಬರೆದಿದ್ದೀರಿ. ಮೂಲ ಬಾಡಿಗೆ 4,800ಕ್ಕೂ ಇದಕ್ಕೂ ನಡುವಿನ ವ್ಯತ್ಯಾಸ 1,800, ಅಂದರೆ 180 ಕಿ.ಮೀ.ನ ಹೆಚ್ಚುವರಿ ದರ. ಒಟ್ಟು ಓಡಾಟ 480 ಕಿ.ಮೀ. ದಾಟುವುದಾದರೆ ಮಿತಿ ಇಲ್ಲದ ಪ್ಲಾನೇ ಅಗ್ಗ. ಯಾವ ಕಂಪನಿಯಾದರೂ ಈ ಲೆಕ್ಕವನ್ನು ಹೀಗೇ ಮಾಡಿ: ಎರಡು ಪ್ಲಾನ್‌ಗಳ ವ್ಯತ್ಯಾಸವನ್ನು ಹೆಚ್ಚುವರಿ ಕಿ.ಮೀ. ದರದಿಂದ ಭಾಗಿಸಿ, ಮಿತಿಗೆ ಕೂಡಿಸಿ. ಇನ್ನೊಂದು ವಿಷಯ. ಓಡೋಮೀಟರ್ ಫೋಟೋ ಆರಂಭದಲ್ಲಿ ಮತ್ತು ಕೊನೆಯಲ್ಲಿ ಎರಡೂ ಬೇಕು. ಆ್ಯಪ್ ಜಿಪಿಎಸ್ ದೂರವನ್ನು ಹಿಡಿಯುತ್ತದೋ ಓಡೋಮೀಟರನ್ನೋ ಎಂಬುದು ಷರತ್ತಿನಲ್ಲಿ ಇರುತ್ತದೆ. ಎರಡೂ ಒಂದೇ ಸಂಖ್ಯೆ ಕೊಡುವುದಿಲ್ಲ.

ಸಮಯದ ವಿಚಾರಕ್ಕೆ ಬಂದರೆ, ಶುಕ್ರವಾರ ರಾತ್ರಿ 9ಕ್ಕೆ ಕಾರು ಪಡೆಯುವುದು ನನ್ನ ಪ್ರಕಾರ ವ್ಯರ್ಥ. ಬಂಡೀಪುರದೊಳಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊಟಿ ಕಡೆಯ ರಸ್ತೆಯೂ ಹಾಗೇ. ನಾಗರಹೊಳೆ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯಂತೂ ಸಂಜೆ 6ಕ್ಕೇ ಮುಚ್ಚುತ್ತದೆ. 9ಕ್ಕೆ ಹೊರಟರೆ ಮಧ್ಯರಾತ್ರಿ ಕಳೆದು 1 ಗಂಟೆ ಹೊತ್ತಿಗೆ ಗುಂಡ್ಲುಪೇಟೆ, ಅಲ್ಲಿಂದ ಮುಂದೆ ಗೇಟ್ ತೆರೆಯುವವರೆಗೆ ಐದು ಗಂಟೆ ಬಾಡಿಗೆ ಕಾರಿನಲ್ಲಿ ನಿದ್ದೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ರಾತ್ರಿಯೂ ಹೋಗಬಹುದು, ಆದರೆ ಅದು ಸುತ್ತು, ಮತ್ತೆ ಕಿ.ಮೀ. ಬದಲಿಗೆ ಶನಿವಾರ ನಸುಕಿನ 2ಕ್ಕೆ ಕಾರು ಪಡೆದು ಭಾನುವಾರ ರಾತ್ರಿ 11ರವರೆಗೆ ಬುಕ್ ಮಾಡಿ ನೋಡಿ. ಮೂರು ಗಂಟೆ ಕಡಿಮೆ ಬಾಡಿಗೆ, ವಾಪಸಾತಿಗೆ ಎರಡು ಗಂಟೆ ಹೆಚ್ಚು.

ಆ ಎರಡು ಗಂಟೆ ಬೇಕೇಬೇಕು. ಭಾನುವಾರ ಸಂಜೆ ಮೈಸೂರು ರಸ್ತೆ ಕೆಂಗೇರಿ ಹತ್ತಿರ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ತಡವಾದರೆ ಮಾಮೂಲಿ ಗಂಟೆ ದರ ಹಾಕುವುದಿಲ್ಲ. ಅದರ ದುಪ್ಪಟ್ಟು ಅಥವಾ ಇನ್ನೂ ಹೆಚ್ಚು, ಮೇಲೊಂದು ನಿಗದಿತ ದಂಡ, ಮುಂದಿನ ಗಿರಾಕಿಯ ಬುಕಿಂಗ್ ಕೆಟ್ಟಿದ್ದರೆ ಅದರ ಬಾಬತ್ತೂ ಸೇರಬಹುದು. ತಡವಾಗುವ ಸೂಚನೆ ಸಿಕ್ಕ ಕೂಡಲೇ, ಅವಧಿ ಮುಗಿಯುವ ಮೊದಲೇ, ಆ್ಯಪ್‌ನಲ್ಲಿ ಎಕ್ಸ್‌ಟೆಂಡ್ ಮಾಡಿ. ಅವಧಿಯೊಳಗೆ ಮಾಡಿದ ವಿಸ್ತರಣೆಗೆ ಸಾಮಾನ್ಯ ದರ, ಮುಗಿದ ಮೇಲೆ ದಂಡದ ದರ. ಫೋನ್‌ನಲ್ಲಿ ‘ಸ್ವಲ್ಪ ಲೇಟಾಗುತ್ತೆ ಸರ್’ ಎಂದು ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಇಂಧನ ಬಾಡಿಗೆಯಲ್ಲಿ ಸೇರಿಲ್ಲ. ಲೀಟರಿಗೆ 15 ಕಿ.ಮೀ. ಮೈಲೇಜ್ ಎಂದರೆ 700 ಕಿ.ಮೀ.ಗೆ 47 ಲೀಟರ್, ನೂರು ರೂಪಾಯಿ ಲೆಕ್ಕ ಹಿಡಿದರೂ 4,700. ಕಾರು ಕೊಟ್ಟಾಗ ಇಂಧನ ಮೀಟರಿನಲ್ಲಿ ಎಷ್ಟು ಕಡ್ಡಿ ಇತ್ತೋ ಅಷ್ಟೇ ಕಡ್ಡಿಯಲ್ಲಿ ಒಪ್ಪಿಸಬೇಕು. ಡಿಜಿಟಲ್ ಮೀಟರಿನಲ್ಲಿ ಒಂದು ಕಡ್ಡಿ ಕಡಿಮೆಯಾದರೆ ಅದರ ಪೆಟ್ರೋಲ್ ಬೆಲೆಯ ಜೊತೆಗೆ ಸರ್ವಿಸ್ ಚಾರ್ಜ್ ಬೀಳುತ್ತದೆ. ಸ್ವಿಫ್ಟ್‌ನಂಥ ಕಾರಿನ ಟ್ಯಾಂಕ್ 37 ಲೀಟರ್, ಎಂಟು ಕಡ್ಡಿ ಇದ್ದರೆ ಒಂದಕ್ಕೆ ನಾಲ್ಕೂವರೆ ಲೀಟರಿಗೂ ಹೆಚ್ಚು. ಹೆಚ್ಚು ತುಂಬಿಸಿ ಕೊಟ್ಟರೆ ದುಡ್ಡು ವಾಪಸ್ ಕೊಡುವವರು ವಿರಳ. ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲ್ ಅಗ್ಗ, ಹೋಗುವಾಗ ಗುಂಡ್ಲುಪೇಟೆಯಲ್ಲೇ ತುಂಬಿಸಿಕೊಳ್ಳಿ. ಕೊನೆಯ ಭರ್ತಿ ಮಾತ್ರ ಕಾರು ಒಪ್ಪಿಸುವ ಜಾಗದ ಹತ್ತಿರದ ಬಂಕಿನಲ್ಲಿ, ಬಿಲ್ ಸಮೇತ.

ಟೋಲ್ ಬಗ್ಗೆ ಎರಡೇ ಮಾತು. ಕಾರಿನ ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಇದೆಯೇ, ಅದು ಚಾಲ್ತಿಯಲ್ಲಿದೆಯೇ ಎಂದು ಹೊರಡುವ ಮೊದಲು ಕೇಳಿ. ಟ್ಯಾಗ್ ಓಡದಿದ್ದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಯುಪಿಐ ಮೂಲಕ ಒಂದೂಕಾಲು ಪಟ್ಟು ಕಟ್ಟಬೇಕಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಎರಡು ಕಡೆ ಸುಂಕ ಇದೆ, ಬಿಡದಿ ಬಳಿ ಒಂದು, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಇನ್ನೊಂದು. ಮತ್ತೆ, ಫಾಸ್ಟ್‌ಟ್ಯಾಗ್‌ನ ವಾರ್ಷಿಕ ಪಾಸ್ ಖಾಸಗಿ ವಾಹನಗಳಿಗೆ ಮಾತ್ರ. ನಿಮ್ಮ ಸ್ವಂತ ಕಾರಿನ ಪಾಸ್ ಬಾಡಿಗೆ ಕಾರಿಗೆ ಬಳಕೆಯಾಗದು.

ಚಲನ್ ಮಾತ್ರ ವಾರಗಟ್ಟಲೆ ತಡವಾಗಿ ಬರುತ್ತದೆ. ಮೈಸೂರು ಹೆದ್ದಾರಿಯ ಕ್ಯಾಮೆರಾಗಳು 100ರ ವೇಗಮಿತಿ ಮೀರಿದವರನ್ನು ಹಿಡಿಯುತ್ತವೆ, ನೋಟಿಸ್ ಹೋಗುವುದು ಆರ್‌ಸಿಯಲ್ಲಿರುವ ಮಾಲೀಕರಿಗೆ, ಅವರು ನಿಮ್ಮಿಂದ ದಂಡವನ್ನೂ ಮೇಲೆ ‘ಪ್ರೊಸೆಸಿಂಗ್ ಫೀ’ಯನ್ನೂ ವಸೂಲು ಮಾಡುತ್ತಾರೆ. ಹಾಗೆ ಕೇಳಿದಾಗ ಚಲನ್‌ನ ಪ್ರತಿ ತರಿಸಿಕೊಂಡು ದಿನಾಂಕ ಮತ್ತು ಗಂಟೆ ನೋಡಿ. ನಿಮ್ಮ ಹಿಂದಿನ ಗಿರಾಕಿಯ ತಪ್ಪು ನಿಮ್ಮ ತಲೆಗೆ ಬರುವುದು ಅಪರೂಪವಲ್ಲ. ಕಾರು ಪಡೆದ ದಿನವೇ ಪರಿವಾಹನ್ ಇ-ಚಲನ್ ಪುಟದಲ್ಲಿ ಹಳೆಯ ಬಾಕಿ ನೋಡಿಟ್ಟುಕೊಂಡರೆ ವಾದ ಕಡಿಮೆಯಾಗುತ್ತದೆ. ಅದಕ್ಕೆ ಬೇಕಾದ ಚಾಸಿ ನಂಬರಿನ ಕೊನೆಯ ಐದು ಅಂಕಿ ಆರ್‌ಸಿ ಪ್ರತಿಯಲ್ಲಿರುತ್ತದೆ. ಪೊಲೀಸರ ದಂಡ ಬೇರೆ, ಕಂಪನಿಯ ದಂಡ ಬೇರೆ. ಜಿಪಿಎಸ್ ನೋಡಿ ತಾವೇ ಅತಿವೇಗದ ದಂಡ ಹಾಕುವ ಕಂಪನಿಗಳೂ ಇವೆ.

ಈಗ ನಿಜವಾಗಿ ಜೇಬು ಕತ್ತರಿಸುವ ವಿಷಯ: ಡ್ಯಾಮೇಜ್. ನೀವು ಕೊಂಡ 600 ರೂಪಾಯಿಯ ಪ್ಲಾನ್ ವಿಮೆಯಲ್ಲ. ಕಾರಿಗೆ ಹಾನಿಯಾದರೆ ನಿಮ್ಮಿಂದ ಇಂತಿಷ್ಟಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂದು ಕಂಪನಿ ಕೊಡುವ ಮಾತು ಅದು. ಹಾಗಾಗಿ ಪ್ಲಾನ್‌ನ ಬೆಲೆ ನೋಡುವುದಕ್ಕಿಂತ ಆ ‘ಇಂತಿಷ್ಟು’ ಎಷ್ಟು ಎಂದು ನೋಡಿ. ಗರಿಷ್ಠ 5,000 ಎಂದಿದ್ದರೆ 600 ಕೊಡಿ, ನಾನಾದರೆ ಕೊಡಿ ಎಂದೇ ಹೇಳುತ್ತೇನೆ. ಗರಿಷ್ಠ 25,000 ಎಂದಿದ್ದರೆ ಗೀರು, ಡೆಂಟ್‌ನಂಥ ಸಾಮಾನ್ಯ ಹಾನಿಯೆಲ್ಲ ನಿಮ್ಮ ಪಾಲಿನಲ್ಲೇ ಬರುತ್ತದೆ, ಪ್ಲಾನ್ ತಗೊಂಡು ಏನು ಬಂತು? ಆಮೇಲೆ ಹೊರಗಿಟ್ಟಿರುವ ಬಾಬತ್ತುಗಳನ್ನು ಓದಿ. ಟೈರ್, ವೀಲ್ ರಿಮ್, ಕೆಳಭಾಗ, ಕ್ಲಚ್, ಕೀ ಕಳೆದದ್ದು, ತಪ್ಪು ಇಂಧನ, ಕುಡಿದು ಓಡಿಸಿದ್ದು, ಬುಕಿಂಗ್‌ನಲ್ಲಿ ಹೆಸರಿಲ್ಲದವರು ಓಡಿಸಿದ್ದು ಸಾಮಾನ್ಯವಾಗಿ ಇಲ್ಲಿ ಸಿಗುತ್ತವೆ. ಕೊನೆಯದು ಬಹಳ ಜನ ಅರಿಯದೆ ಮಾಡುವ ಕೆಲಸ, ಗೆಳೆಯನ ಕೈಗೆ ಸ್ಟೀರಿಂಗ್ ಕೊಟ್ಟ ಕ್ಷಣ ಪ್ಲಾನ್ ರದ್ದು. ಇಬ್ಬರು ಓಡಿಸುವುದಿದ್ದರೆ ಎರಡನೆಯವರ ಲೈಸೆನ್ಸನ್ನೂ ಮೊದಲೇ ಸೇರಿಸಿ, ಶುಲ್ಕ ಇದ್ದರೂ ಸರಿ.

ಟ್ಯೂಬ್‌ಲೆಸ್ ಟೈರಿನ ಮಧ್ಯದಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಿಸಬಹುದು. ಪಕ್ಕದ ಗೋಡೆ ಸೀಳಿದರೆ ಟೈರೇ ಹೋಯಿತು. ರೆಸಾರ್ಟಿನ ಕಲ್ಲುದಾರಿಗಳಲ್ಲಿ ಅದೇ ಆಗುವುದು. ಕ್ಲಚ್ ಕೂಡ ಹಾಗೆ. ಏರಿನಲ್ಲಿ ಬ್ರೇಕ್ ಬಿಟ್ಟು ಅರ್ಧ ಕ್ಲಚ್‌ನಲ್ಲೇ ಕಾರು ನಿಲ್ಲಿಸಿಕೊಳ್ಳುವವರು ಅದನ್ನು ಸುಡುತ್ತಾರೆ, ಸವಕಳಿ ಎಂಬ ಕಾರಣಕ್ಕೆ ಮಾಮೂಲಿ ವಿಮೆ ಅದನ್ನು ಕಟ್ಟಿಕೊಡುವುದಿಲ್ಲ. ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50 ಕಳೆದೇ ಕೊಡುತ್ತಾರೆ. ಬಂಪರ್ ಪ್ಲಾಸ್ಟಿಕ್. ಉಳಿದರ್ಧವನ್ನು ಬಾಡಿಗೆ ಕಂಪನಿ ನಿಮ್ಮತ್ತ ತಿರುಗಿಸುವುದು ಇಲ್ಲಿಯೇ. ಜೊತೆಗೆ ಕಾರು ಗ್ಯಾರೇಜಿನಲ್ಲಿ ನಿಂತ ಅಷ್ಟೂ ದಿನದ ಬಾಡಿಗೆ ಕೇಳುವ ಷರತ್ತು ಇದೆಯೇ ಹುಡುಕಿ. ಎಷ್ಟೋ ಸಲ ರಿಪೇರಿಗಿಂತ ಅದೇ ದೊಡ್ಡದಾಗಿರುತ್ತದೆ.

ಇದಕ್ಕೆಲ್ಲ ಇರುವ ಒಂದೇ ಮದ್ದು ವಿಡಿಯೊ. ಬೆಳಕಿರುವ ಜಾಗಕ್ಕೆ ಕಾರು ತಂದು ನಿಲ್ಲಿಸಿ, ವಿಡಿಯೊವನ್ನು ನಡುವೆ ತುಂಡರಿಸದೆ ಒಂದೇ ಸುತ್ತು ತೆಗೆಯಿರಿ: ನಾಲ್ಕು ಬಾಗಿಲು, ಎರಡೂ ಬಂಪರಿನ ಕೆಳ ಅಂಚು, ನಾಲ್ಕು ರಿಮ್, ಟೈರಿನ ಪಕ್ಕದ ಗೋಡೆ, ಮುಂದಿನ ಗಾಜು, ಛಾವಣಿ, ಡಿಕ್ಕಿಯೊಳಗೆ ಸ್ಟೆಪ್ನಿ, ಜಾಕ್, ಸ್ಪ್ಯಾನರ್, ಆಮೇಲೆ ಡ್ಯಾಶ್‌ಬೋರ್ಡ್‌ನ ಓಡೋಮೀಟರ್, ಇಂಧನ ಕಡ್ಡಿ, ಉರಿಯುತ್ತಿರುವ ಎಚ್ಚರಿಕೆ ದೀಪಗಳು. ರಾತ್ರಿ ಕತ್ತಲಲ್ಲಿ, ಮಳೆ ಹನಿ ಕೂತ ಕಾರನ್ನು ಒಪ್ಪಿಕೊಂಡರೆ ಗೀರು ಕಾಣುವುದೇ ಇಲ್ಲ. ಒರೆಸಿ ನೋಡಿ. ಇದ್ದ ಗೀರುಗಳನ್ನು ಆ್ಯಪ್‌ನಲ್ಲೇ ಅಪ್‌ಲೋಡ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಸಾಲದು. ವಾಪಸ್ ಕೊಡುವಾಗ ಇದೇ ವಿಡಿಯೊ ಇನ್ನೊಮ್ಮೆ, ಯಾರೂ ಕಾರು ತೆಗೆದುಕೊಳ್ಳಲು ಬಂದಿಲ್ಲವಾದರೆ ಇನ್ನೂ ಜೋಪಾನವಾಗಿ. ಅಪಘಾತವಾದರೆ ಮೊದಲು ಕಂಪನಿಗೆ ತಿಳಿಸಿ, ಅವರ ಒಪ್ಪಿಗೆಯಿಲ್ಲದೆ ದಾರಿಯ ಗ್ಯಾರೇಜಿನಲ್ಲಿ ಮುಟ್ಟಿಸಬೇಡಿ.

ನಂತರ ಯಾರಾದರೂ ‘ಬಂಪರ್‌ಗೆ 18,000’ ಎಂದರೆ ಬಾಯಿಮಾತಿಗೆ ಒಪ್ಪಬೇಡಿ. ಬಿಡಿಭಾಗ, ಕೂಲಿ, ಪೇಂಟ್ ಬೇರೆಬೇರೆ ತೋರಿಸಿದ ಜಿಎಸ್‌ಟಿ ಬಿಲ್, ವಿಮೆ ಕ್ಲೇಮ್ ಹಾಕಿದ್ದರೆ ಅದರ ಪ್ರತಿ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಡಿಪಾಸಿಟ್ ತಡೆಹಿಡಿದರೂ ಇದೇ ದಾರಿ.

ಪರಿಚಯದವರ ಬಿಳಿ ಬೋರ್ಡ್ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಬೇಡ. ಸೆಲ್ಫ್ ಡ್ರೈವ್‌ಗೆ ಪರವಾನಗಿ ಇರುವ ಕಾರಿನ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಬಳಕೆ ಹೊರಗಿರುತ್ತದೆ, ಅಪಘಾತವಾದರೆ ವಿಮೆ ಕಂಪನಿ ಕ್ಲೇಮ್ ನಿರಾಕರಿಸಲು ಅಷ್ಟು ಸಾಕು. ಕಪ್ಪು ಪ್ಲೇಟ್ ಇದ್ದರೂ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಚಾಲ್ತಿಯಲ್ಲಿದೆಯೇ, ಕೇರಳದ ಗಡಿಯಲ್ಲಿ ತೆರಿಗೆ ಕೇಳಿದರೆ ಯಾರು ಕಟ್ಟುತ್ತಾರೆ ಎಂದು ಬರಹದಲ್ಲಿ ಪಡೆಯಿರಿ. ಯೋಜನೆ ಬದಲಾಗಿ ಊಟಿಗೆ ತಿರುಗಿದರೆ ನೀಲಗಿರಿಯ ಇ-ಪಾಸ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು, ಅದಕ್ಕೆ ಕಾರಿನ ನಂಬರ್ ಬೇಕು, ಬಾಡಿಗೆ ಆ್ಯಪ್‌ಗಳು ನಂಬರ್ ಕೊಡುವುದು ಕೆಲವೊಮ್ಮೆ ಕೊನೆ ಗಳಿಗೆಯಲ್ಲಿ.

ಕೂಡಿಸಿದರೆ ನಿಮ್ಮ ಪ್ರವಾಸಕ್ಕೆ ಬಾಡಿಗೆ 6,600, ಪ್ಲಾನ್ ಮತ್ತು ಫೀ 850, ಪೆಟ್ರೋಲ್ 4,700, ಒಟ್ಟು 12,150, ಮೇಲೆ ಟೋಲ್, ಡೆಲಿವರಿ ಬೇಕಿದ್ದರೆ ಅದರ 350. ನಾಲ್ಕು ಜನ ಇದ್ದು ಓಡಿಸುವವರು ಒಬ್ಬರೇ ಆದರೆ ಚಾಲಕ ಸಹಿತ ಟ್ಯಾಕ್ಸಿಯ ದರವನ್ನೂ ಕೇಳಿ. ಅಲ್ಲಿ ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ ಹಾಕುವುದು ರೂಢಿ, ಡ್ರೈವರ್ ಬಾಟಾ (ದಿನಭತ್ಯೆ) ಬೇರೆ, ಡೀಸೆಲ್ ಖರ್ಚು ಕಿ.ಮೀ. ದರದಲ್ಲೇ ಸೇರಿರುತ್ತದೆ. ಎರಡು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಕಿ.ಮೀ. ನಿಮ್ಮ ಮನೆಯಿಂದಲೋ ಅವರ ಶೆಡ್‌ನಿಂದಲೋ, ಮತ್ತು ದಿನ ಎಂದರೆ 24 ಗಂಟೆಯೋ ಮಧ್ಯರಾತ್ರಿಗೆ ಮುಗಿಯುವ ದಿನವೋ. ಮಧ್ಯರಾತ್ರಿ ಲೆಕ್ಕವಾದರೆ, ಶುಕ್ರವಾರ ರಾತ್ರಿ 9ಕ್ಕೆ ಹೊರಟ ನಿಮಗೆ ಅದು ಮೂರು ದಿನ, 900 ಕಿ.ಮೀ.ಯ ಬಿಲ್, ಮೂರು ಬಾಟಾ.